ರೋಮನ್ ಸೇತುವೆಯ ಮೇಲೆ ನಾನು ಕರೆದ ನೀರು

ನಂಬಿಕೆ ಬಾರದವರು ಇಲ್ಲೇ ನಿಲ್ಲಿಸಿಬಿಡಿ, ನನಗೇನೂ ಬೇಜಾರಿಲ್ಲ. ಇದು ಯಾರೋ ಹೇಳಿ ನಾನು ಕೇಳಿದ ಕಥೆಯಲ್ಲ. ನನಗೇ ಆದದ್ದು. ನನ್ನ ಎರಡು ಕಣ್ಣು, ಎರಡು ಕಿವಿ ಸಾಕ್ಷಿ. ತೊಂದರೆ ಏನೆಂದರೆ, ಆ ರಾತ್ರಿ ಕಣ್ಣು ಒಂದು ಹೇಳಿತು, ಕಿವಿ ಇನ್ನೊಂದು ಹೇಳಿತು...

ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತು ಇನ್ನೂ ಹೆಚ್ಚು ದಿನ ಆಗಿಲ್ಲ. ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ಮನೆಯಲ್ಲಿ ಬಾಯಿಬಿಟ್ಟು ಹೇಳೋಣವೆಂದರೆ ಯಾರೂ ಕೇಳುವುದಿಲ್ಲ. ‘ಅಜ್ಜಿ ತಮಾಷೆ ಮಾಡ್ತಾರೆ’ ಎನ್ನುತ್ತಾರೆ. ಅಳಿಯನ ಕಾಫಿಗೆ ಉಪ್ಪು ಹಾಕಿದ್ದು, ಮಗಳ ಕಾರಿನ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟದ್ದು ಎಲ್ಲ ನಿಜ. ಆದರೆ ಇದು ತಮಾಷೆಯಲ್ಲ.

ನಾನಿರುವುದು ಪರದೇಶದ ಮರ್ಫಿ ಎಂಬ ಊರಿನಲ್ಲಿ, ಮಗಳು ಶುಭಾಳ ಮನೆಯಲ್ಲಿ. ಶುಭಾ ಕಣ್ಣಿನ ಡಾಕ್ಟರು. ಅವಳ ಮಗಳು ಇಂಚರ, ಎರಡನೇ ಕ್ಲಾಸು. ಸ್ಕೂಲಿನಲ್ಲಿ ಕಮಾನಿನ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಅದೇ ಹೊತ್ತಿಗೆ ಯಾರೋ ಶುಭಾಳಿಗೆ ಹೇಳಿದರು: ಆಸ್ಟಿನ್ ಆಚೆ ಗುಡ್ಡಗಳ ನಡುವೆ ಒಬ್ಬ ಶ್ರೀಮಂತರು ಯೂರೋಪಿನಿಂದ ಹಳೇ ರೋಮನ್ ಸೇತುವೆಯೊಂದರ ಉಳಿದ ಕಲ್ಲುಗಳನ್ನು ಕೊಂಡು, ಹಡಗಿನಲ್ಲಿ ತರಿಸಿ, ತಮ್ಮ ಜಮೀನಿನಲ್ಲಿ ಮತ್ತೆ ನಿಲ್ಲಿಸಿದ್ದಾರಂತೆ. ಅಲ್ಲೇ ರಾತ್ರಿ ಉಳಿಯಲು ಒಂದು ಕ್ಯಾಬಿನ್ ಕೂಡ ಇದೆಯಂತೆ.

ಅಳಿಯನಿಗೆ ಡ್ಯೂಟಿ. ಕ್ರಿಸ್‌ಮಸ್ ರಜೆಯಲ್ಲಿ ನಾವು ಮೂವರು ಹೆಂಗಸರೇ ಹೊರಟೆವು.

ದಾರಿಯಲ್ಲಿ ಹೊಳೆ ಸಿಕ್ಕಾಗಲೆಲ್ಲ ನಾನು ಕಿಟಕಿ ಇಳಿಸಿ ಚಿಟಿಕೆ ಕುಂಕುಮ, ಒಂದು ನಾಣ್ಯ ಎಸೆಯುತ್ತಿದ್ದೆ. ಚಿಕ್ಕಂದಿನಿಂದ ಬಂದ ಅಭ್ಯಾಸ. ಬಸ್ಸಾದರೂ ಅಷ್ಟೇ, ರೈಲಾದರೂ ಅಷ್ಟೇ.

“ಅಮ್ಮಾ, ಹೈವೇಲಿ ಹಾಗೆಲ್ಲ ಎಸೀಬಾರದು. ಪೊಲೀಸ್ ನಿಲ್ಲಿಸ್ತಾನೆ.”

“ನಿಲ್ಲಿಸ್ಲಿ ಬಿಡು. ಅವನಿಗೂ ಒಂದು ಬೊಟ್ಟು ಇಡ್ತೀನಿ.”

ಇಂಚರ ಹಿಂದಿನ ಸೀಟಿನಲ್ಲಿ ನಕ್ಕೂ ನಕ್ಕೂ ಕೆಮ್ಮಿದಳು. ಅವಳಿಗೆ ಆಸ್ತಮಾ ಇದೆ. ಆ ಕೆಮ್ಮು ಕೇಳಿದಾಗಲೇ ನಾವು ಎಚ್ಚರಗೊಳ್ಳಬೇಕಿತ್ತು.

ನಾವು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಕೇರ್‌ಟೇಕರ್ ಹೆಂಗಸು ದೊಡ್ಡ ಹ್ಯಾಟ್ ಹಾಕಿಕೊಂಡು ಕಾಯುತ್ತಿದ್ದಳು. ಸೇತುವೆ ಎಂದರೆ ಪೂರ್ತಿ ಸೇತುವೆಯಲ್ಲ. ಒಂದೂವರೆ ಕಮಾನು. ಅರ್ಧ ಕಮಾನು ಗಾಳಿಯಲ್ಲೇ ತುಂಡಾಗಿ ನಿಂತಿತ್ತು. ಕಲ್ಲುಗಳ ನಡುವೆ ಗಾರೆಯಿಲ್ಲ, ಒಂದನ್ನೊಂದು ಒತ್ತಿಕೊಂಡೇ ನಿಂತಿದ್ದವು. ಕೆಳಗೆ ನೀರಿನ ಸುಳಿವಿಲ್ಲ... ಬಿಳೀ ಕಲ್ಲು ಹಾಸಿದ ಒಣ ಹಳ್ಳ. ತಿಂಗಳುಗಳಿಂದ ಹನಿ ಮಳೆ ಬಿದ್ದಿಲ್ಲ ಎಂದಳು ಆ ಹೆಂಗಸು. ಮತ್ತೆ ಏನೋ ಹೇಳಿ ಗಟ್ಟಿಯಾಗಿ ನಕ್ಕಳು.

“ಏನಂತೆ?” ಎಂದೆ.

“ಕಲ್ಲು ತರಕ್ಕಾಯ್ತು, ನದಿ ತರಕ್ಕಾಗ್ಲಿಲ್ಲ ಅಂತಿದ್ದಾರೆ,” ಎಂದಳು ಶುಭಾ.

ನನಗೆ ನಗು ಬರಲಿಲ್ಲ. ಎರಡು ಸಾವಿರ ವರ್ಷ ನೀರಿನ ಮೇಲೆ ನಿಂತಿದ್ದ ಸೇತುವೆ. ಅದನ್ನು ಕಿತ್ತು ತಂದು ಧೂಳಿನ ಮೇಲೆ ನಿಲ್ಲಿಸಿದ್ದಾರೆ. ಪಾಪ ಅನ್ನಿಸಿತು.

ಕಂಬಿ ಹಿಡಿದು ನಾನೂ ಇಂಚರಳೂ ಮೇಲೆ ಹತ್ತಿದೆವು. ಕಲ್ಲು ಮುಗಿಯುವಲ್ಲಿ ಹಗ್ಗ ಕಟ್ಟಿದ್ದರು.

ನಮ್ಮಲ್ಲಿ ಪೂಜೆಗೆ ಕೂತಾಗ ಮೊದಲು ಕಲಶದ ನೀರಿಗೆ ನದಿಗಳನ್ನು ಕರೆಯುತ್ತೇವಲ್ಲ? ಎಷ್ಟೇ ದೂರದ ನದಿಯಾದರೂ ಕರೆದರೆ ಬಂದು ಆ ಒಂದು ತಂಬಿಗೆ ನೀರಿನಲ್ಲಿ ಕೂರುತ್ತಾಳೆ ಎಂದು ನಂಬಿಕೆ. ಪೂಜೆ ಮುಗಿದ ಮೇಲೆ ಕಲಶವನ್ನು ತುಸು ಕದಲಿಸಿ ಅವಳನ್ನು ಕಳಿಸಿಕೊಡಬೇಕು. ಕರೆದು, ಕಳಿಸದೆ ಎದ್ದು ಬರುವಂತಿಲ್ಲ.

ನನಗೆ ಏನನ್ನಿಸಿತೋ... ಕುಂಕುಮ ತೆಗೆದು ಆ ತುದಿಗಲ್ಲಿಗೆ ಹಚ್ಚಿದೆ. ಕೈ ಮುಗಿದೆ.

“ನಿನ್ನ ಹೆಸರು ಗೊತ್ತಿಲ್ಲ ತಾಯಿ. ನಿನ್ನ ಸೇತುವೆ ಇಲ್ಲಿದೆ. ಬಾಮ್ಮ.”

ಇಂಚರ ಕಿಸಕ್ಕೆಂದಳು. ನಾನು ಒಂದು ಕ್ವಾರ್ಟರ್ ನಾಣ್ಯವನ್ನು ಕೆಳಗೆ ಹಾಕಿದೆ.

ಗುಳುಂ...

ಕಲ್ಲಿಗೆ ಬಿದ್ದ ನಾಣ್ಯದ ಸದ್ದಲ್ಲ ಅದು. ಆಳದ ನೀರಿಗೆ ಬಿದ್ದ ಸದ್ದು. ಹಿಂದೆಯೇ ಪಾಚಿಯ ವಾಸನೆ ತಣ್ಣಗೆ ಮೇಲೆದ್ದು ಬಂತು.

“ಅಜ್ಜಿ... ದೇರ್ ಈಸ್ ವಾಟರ್!”

ಬಗ್ಗಿ ನೋಡಿದೆ. ಬಿಳೀ ಕಲ್ಲು. ನನ್ನ ನಾಣ್ಯ ಮಾತ್ರ ಎಲ್ಲೂ ಕಾಣಲಿಲ್ಲ.

ಅಷ್ಟರಲ್ಲಿ ಶುಭಾ ಕೆಳಗಿನಿಂದ ಕೂಗಿದಳು, “ಕತ್ತಲಾಗ್ತಿದೆ, ಬನ್ನಿ ಇಬ್ರೂ!” ಇಂಚರ ನನ್ನ ಕೈ ಎಳೆದಳು. ಇಳಿದುಬಿಟ್ಟೆವು. ಕಳಿಸಿಕೊಡುವುದು ಹಾಗೇ ಉಳಿಯಿತು.

ಕ್ಯಾಬಿನ್ ಇದ್ದದ್ದು ಹಳ್ಳದ ಆಚೆ ದಡದಲ್ಲಿ. ಅಲ್ಲಿಗೆ ಬೇರೆ ದಾರಿಯಿಲ್ಲ. ಹಳ್ಳದ ಅಡ್ಡಕ್ಕೇ ಕಾಂಕ್ರೀಟ್ ಹಾಸಿ ರಸ್ತೆ ಮಾಡಿದ್ದಾರೆ, ಅದರ ಮೇಲೆ ಕಾರು ದಾಟಬೇಕು. ಪಕ್ಕದಲ್ಲಿ ಪ್ರವಾಹದ ಎಚ್ಚರಿಕೆಯ ಬೋರ್ಡ್. ನಾವು ಹೋದಾಗ ಚಕ್ರದಿಂದ ಧೂಳು ಎದ್ದಿತು, ಅಷ್ಟೇ.

ಚಿತ್ರಾನ್ನದ ಡಬ್ಬಿ ಬಿಚ್ಚಿ ಇನ್ನೂ ತಿನ್ನಲು ಕೂತಿರಲಿಲ್ಲ. ಇಂಚರಳ ಎದೆ ಸಿಳ್ಳೆ ಹೊಡೆಯಲು ಶುರುವಾಯಿತು. ಚಳಿಗಾಲದಲ್ಲಿ ಆ ಗುಡ್ಡಗಳ ಸೀಡರ್ ಮರಗಳಿಂದ ಪರಾಗದ ಹಳದಿ ಹುಡಿ ಹಾರುತ್ತದೆ. ಒಳ್ಳೆ ಗಟ್ಟಿಮುಟ್ಟಾದವರೇ ಮಲಗಿಬಿಡುತ್ತಾರೆ.

ಶುಭಾ ಬ್ಯಾಗುಗಳನ್ನೆಲ್ಲ ನೆಲಕ್ಕೆ ಸುರಿದಳು. ಇನ್ಹೇಲರ್ ಇಲ್ಲ. ಅದು ಇನ್ನೊಂದು ಜಾಕೆಟ್ಟಿನ ಜೇಬಿನಲ್ಲಿ, ಮರ್ಫಿಯಲ್ಲಿ.

“ಆಂಬುಲೆನ್ಸ್ ಕರಿಯೇ.”

“ಅವ್ರು ಬರೋಷ್ಟರಲ್ಲಿ ನಾವೇ ಆಸ್ಪತ್ರೆಗೆ ಹೋಗಿರ್ತೀವಿ. ಕಂಬಳಿ ಹೊದ್ದಿಸು, ನಡಿ ನಡಿ.”

ಮಗುವಿನ ತುಟಿಯ ಸುತ್ತ ಬಣ್ಣ ಕೆಡುತ್ತಿತ್ತು. ಪ್ರತಿ ಉಸಿರಿಗೂ ಕತ್ತಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಅವಳನ್ನು ಮಡಿಲಿಗೆ ಒರಗಿಸಿಕೊಂಡು ಹಿಂದೆ ಕೂತೆ. ಶುಭಾ ಕಾರು ಓಡಿಸಿದಳು.

ಹಳ್ಳ ಇನ್ನೂ ಕಾಣಿಸಿರಲಿಲ್ಲ. ಮೊದಲು ಸದ್ದು ಕೇಳಿಸಿತು.

ಹೋ... ಎನ್ನುವ ಸದ್ದು. ನಾನು ಕಾವೇರಿ ದಡದಲ್ಲಿ ಬೆಳೆದವಳು, ತುಂಬಿದ ಹೊಳೆ ಹೇಗೆ ಮೊರೆಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಕಲ್ಲುಗಳು ಉರುಳುವ ಗುಡುಗುಡು ಕೂಡ ಕೇಳುತ್ತಿತ್ತು.

“ನಿಲ್ಸು! ಹೊಳೆ ಬಂದಿದೆ ಕಣೇ!”

“ಎಲ್ಲಿದೆ ಅಮ್ಮಾ ಹೊಳೆ? ನೋಡು, ಕಾಂಕ್ರೀಟ್ ಕಾಣ್ತಿದೆ!”

ಹೆಡ್‌ಲೈಟಿನ ಬೆಳಕಿನಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಒಣ ಕಾಂಕ್ರೀಟು. ಒಣ ಕಲ್ಲು. ಸಂಜೆ ನಾವು ದಾಟಿದ ಚಕ್ರದ ಗುರುತು.

“ಸದ್ದು ಕೇಳಿಸ್ತಿಲ್ವೇನೇ?”

“ಗಾಳಿ.”

ಅವಳು ಕಾರನ್ನು ಮುಂದಕ್ಕೆ ಬಿಟ್ಟಳು. ಮುಂದಿನ ಚಕ್ರ ಕಾಂಕ್ರೀಟಿಗೆ ಇಳಿಯಿತು, ಹಿಂದಿನದೂ ಇಳಿಯಿತು... ಯಾರೋ ಭುಜ ಕೊಟ್ಟು ತಳ್ಳಿದ ಹಾಗೆ ಕಾರಿನ ಹಿಂಭಾಗ ಎಡಕ್ಕೆ ಜರುಗಿತು. ಮತ್ತೊಮ್ಮೆ ಜರುಗಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕಿತು. ಕಾಂಕ್ರೀಟಿನ ಅಂಚು ನನ್ನ ಕಿಟಕಿಯ ಕೆಳಗೇ ಬಂದಿತ್ತು.

ಶುಭಾ ರಿವರ್ಸ್ ಹಾಕಿ ದಡಕ್ಕೆ ವಾಪಸು ತಂದಳು.

“ಐಸ್,” ಎಂದಳು. “ಐಸ್ ಇರ್ಬೇಕು.”

ಆ ರಾತ್ರಿ ನಾನು ಸ್ವೆಟರ್ ಕೂಡ ಹಾಕಿರಲಿಲ್ಲ. ಐಸ್ ಎಲ್ಲಿಂದ ಬರಬೇಕು?

ಮಡಿಲಿನಲ್ಲಿ ಇಂಚರಳ ಸಿಳ್ಳೆ ಸಣ್ಣಗಾಗುತ್ತಿತ್ತು. ಕಡಿಮೆಯಾಯಿತು ಎಂದು ನಾನು ಸಮಾಧಾನಪಟ್ಟೆ. ಶುಭಾ ತಿರುಗಿ ನೋಡಿ, “ಅಯ್ಯೋ, ಸದ್ದು ನಿಲ್ಲಬಾರದಮ್ಮ... ಉಸಿರು ಹೋಗ್ತಾ ಬರ್ತಾ ಇಲ್ಲ ಅಂತ ಅರ್ಥ,” ಎಂದಳು. ನನ್ನ ಮಗಳು ಹಾಗೆ ಅಳುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ನಾನು ಮಗುವನ್ನು ಸೀಟಿಗೆ ಒರಗಿಸಿ ಬಾಗಿಲು ತೆಗೆದೆ.

“ಅಮ್ಮಾ! ಎಲ್ಲಿಗೆ? ಹುಚ್ಚಾ ನಿಂಗೆ? ಹತ್ತು!”

ದೀಪದ ಬೆಳಕಿನಲ್ಲಿ ನಡೆದುಕೊಂಡು ಹೋದೆ. ಕಾಂಕ್ರೀಟಿಗೆ ಕಾಲಿಟ್ಟೆ. ತಣ್ಣಗೆ ಕೊರೆಯಿತು. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಮೀನಖಂಡದವರೆಗೆ, ಆಮೇಲೆ ಮೊಣಕಾಲಿನವರೆಗೆ. ಸೆಳೆತಕ್ಕೆ ಸೀರೆ ಒಂದು ಪಕ್ಕಕ್ಕೆ ಬಿಗಿಯಾಗಿ ಸುತ್ತಿಕೊಂಡಿತು. ತಲೆ ತಗ್ಗಿಸಿ ನೋಡಿದರೆ... ಒಣ ಚಪ್ಪಲಿ, ಸೀರೆಯ ಒಣ ಅಂಚು, ಅದರ ಮೇಲೆ ಧೂಳು.

ಕಲಶವಿಲ್ಲ, ಕದಲಿಸಲು ಏನೂ ಇಲ್ಲ. ಬರೀ ಕೈ ಜೋಡಿಸಿದೆ. ಎಡಗಡೆ ಕತ್ತಲಲ್ಲಿ ಆ ಅರ್ಧ ಕಮಾನು ನಿಂತಿತ್ತು.

“ತಾಯಿ, ಕರೆದವಳು ನಾನು. ಇಷ್ಟು ದೂರ ಬಂದೆ, ದೊಡ್ಡ ಮನಸ್ಸು ನಿಂದು. ನನ್ನ ಮಗೂಗೆ ದಾರಿ ಬಿಡು.”

ಸದ್ದು ಇನ್ನೂ ಜೋರಾಯಿತು. ಕಾಲ ಕೆಳಗೆ ಕಲ್ಲುಗಳು ಉರುಳಿದವು. ನನ್ನನ್ನೇ ಎಳೆದುಕೊಂಡು ಹೋಗುತ್ತದೆ ಎನ್ನಿಸಿತು. ಹೆದರಿಕೆಯಲ್ಲಿ ಮಂತ್ರ ಗಿಂತ್ರ ಎಲ್ಲ ಮರೆತುಹೋಯಿತು. ಬಾಗಿಲಲ್ಲಿ ನಿಂತು ನೆಂಟರನ್ನು ಬೀಳ್ಕೊಡುವ ಮಾತೇ ಬಾಯಿಗೆ ಬಂತು.

“ಇವತ್ತು ಹೋಗಿ ಬಾಮ್ಮ. ಇನ್ನೊಂದ್ಸಲ ಬಂದಾಗ ನಮ್ಮನೆಗೇ ಬಾ.”

ಒಂದು ಗಳಿಗೆ ಏನೂ ಆಗಲಿಲ್ಲ.

ಆಮೇಲೆ ತಂಪು ಮೊಣಕಾಲಿನಿಂದ ಕೆಳಗಿಳಿಯಿತು. ಸೀರೆ ಸಡಿಲವಾಯಿತು. ಆ ಮೊರೆತ ಕಮಾನಿನ ಕಡೆಗೆ ಸರಿದು, ಅದರಡಿ ನುಗ್ಗಿ, ದೂರ ದೂರ ಹೋಗಿ... ನಿಂತಿತು. ಆಗ ಜೀರುಂಡೆಯ ಸದ್ದು ಕೇಳಿಸಿತು. ಅಲ್ಲಿಯವರೆಗೆ ಒಂದೂ ಕೂಗಿರಲಿಲ್ಲ.

ನಾನು ಹತ್ತಿದ್ದೇ ತಡ, ಶುಭಾ ಒಂದೇ ಉಸಿರಿಗೆ ದಾಟಿಸಿದಳು. ಕಾರು ಕೂದಲೆಳೆಯಷ್ಟೂ ಅಲುಗಲಿಲ್ಲ.

ಹತ್ತಿರದ ಊರಿನ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮಾಸ್ಕ್ ಹಾಕಿದರು, ಔಷಧಿಯ ಹೊಗೆ ಕೊಟ್ಟರು. ಇಂಚರಳ ಎದೆಯಲ್ಲಿ ಮತ್ತೆ ಸಿಳ್ಳೆ ಕೇಳಿದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತೆವು. ಬೆಳಗಾಗುವ ಹೊತ್ತಿಗೆ ಮಗು ತಿನ್ನಲು ಜೆಲ್ಲೋ ಕೇಳಿತು. ಬದುಕಿದೆವು ಎಂದುಕೊಂಡೆ.

ಸಾಮಾನು ತರಲು ವಾಪಸು ಹೋದಾಗ ಹಳ್ಳದಲ್ಲಿ ಧೂಳು ಹಾಗೇ ಇತ್ತು. ಕೇರ್‌ಟೇಕರ್ ಹೆಂಗಸಿಗೆ ರಾತ್ರಿ ಏನೂ ಕೇಳಿಸಲಿಲ್ಲವಂತೆ. ಅವಳ ನಾಯಿಗಳು ಮಾತ್ರ ಮಂಚದ ಕೆಳಗೆ ಹೋದವು ಹೊರಗೆ ಬರಲೇ ಇಲ್ಲವಂತೆ.

ಈಗಲೂ ಶುಭಾಳನ್ನು ಕೇಳಿದರೆ ‘ಐಸ್’ ಎನ್ನುತ್ತಾಳೆ. ಮುಖ ಮಾತ್ರ ನನ್ನ ಕಡೆ ತಿರುಗಿಸುವುದಿಲ್ಲ. ನನಗೆ ಮೊಣಕಾಲಿನ ಕೆಳಗೆ ಬಿಸಿ ಹತ್ತುವುದೇ ಇಲ್ಲ. ಎರಡೆರಡು ಕಾಲುಚೀಲ ಹಾಕಿಕೊಂಡೇ ಇದನ್ನು ಟೈಪ್ ಮಾಡುತ್ತಿದ್ದೇನೆ.

ನಿನ್ನೆ ಇಂಚರ ದೋಸೆ ತಿನ್ನುತ್ತಾ ನನ್ನ ಹತ್ತಿರ ಜರುಗಿ ಕೂತಳು. ಅಮ್ಮ ಫೋನಿನಲ್ಲಿದ್ದಾಳಾ ಎಂದು ನೋಡಿಕೊಂಡಳು.

“ಅಜ್ಜಿ, ಆ ದಿನ ನೀನು ಅವಳಿಗೆ ಕಮ್ ಟು ಅವರ್ ಹೌಸ್ ಅಂದ್ಯಲ್ಲಾ...”

ಕಿಟಕಿ ಮುಚ್ಚಿದ್ದ ಕಾರಿನಲ್ಲಿ, ಉಸಿರಿಲ್ಲದೆ ಮಲಗಿದ್ದ ಮಗು. ಅವಳಿಗೆ ಅದು ಹೇಗೆ ಕೇಳಿಸಿತು?

“ಹೂಂ. ಏನೋ ಬಾಯಿತಪ್ಪಿ ಬಂತು ಪುಟ್ಟಿ.”

ಅವಳು ಮೇಲೆ ಚಾವಣಿ ನೋಡಿದಳು, ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳೆದಳು. ಆಮೇಲೆ ಪಿಸುಗುಟ್ಟಿದಳು.

“ವಿಲ್ ಶಿ ಫಿಟ್?”