ಮೊದಲ ಕುರ್ಚಿ

ಅವರ ಬಲಗೈ ಹೆಬ್ಬೆರಳೂ ತೋರುಬೆರಳೂ ಸದಾ ನೇರಳೆ ಬಣ್ಣದಲ್ಲಿರುತ್ತಿದ್ದವು, ನೇರಳೆಹಣ್ಣು ತಿಂದು ಕೈ ತೊಳೆಯದೆ ಬಂದವರ ಹಾಗೆ. ದಿನವಿಡೀ ಪುಸ್ತಕಗಳಿಗೆ ತಾರೀಕಿನ ಸೀಲು ಒತ್ತಿ ಒತ್ತಿ ಪ್ಯಾಡಿನ ಇಂಕು ಚರ್ಮದೊಳಗೇ ಇಳಿದುಹೋಗಿತ್ತು. ಬ್ರೌಸಿಂಗ್ ಸೆಂಟರಿನ ಯಜಮಾನ ಅವರನ್ನು ಕಂಡರೆ ಸಾಕು, "ಸಾರ್, ಕೈ ತೊಳ್ಕಂಡು ಕೂತ್ಕಳಿ, ಕೀಬೋರ್ಡೆಲ್ಲಾ ಕಲರ್ ಆಗ್ಬುಡ್ತದೆ" ಎಂದು ಗೊಣಗುತ್ತಿದ್ದ. ಪಾಪ, ಅವರು ತೊಳೆದುಕೊಂಡೇ ಬರುತ್ತಿದ್ದರು. ಬಣ್ಣ ಹೋಗುತ್ತಿರಲಿಲ್ಲ. ಕೊನೆಗೆ ಮೂಲೆಯ ಕಂಪ್ಯೂಟರಿನ ಕೀಲಿಗಳೇ ನೇರಳೆಗೆ ತಿರುಗಿ, ಅಲ್ಲಿ ಬೇರೆ ಯಾರೂ ಕೂರದಂತಾಯಿತು.

ತಮಿಳುನಾಡಿನ ಗಡಿಯೂರು ಹೊಸೂರಿನ ಒಂದು ಸಣ್ಣ ಶಾಖಾ ಗ್ರಂಥಾಲಯದ ಲೈಬ್ರರಿಯನ್ ಅವರು. ನಾವೆಲ್ಲ ಲೈಬ್ರರಿ ಸಾರ್ ಅನ್ನುತ್ತಿದ್ದೆವು. ಮನೆಮಾತು ತೆಲುಗು, ಓದಿದ್ದು ತಮಿಳಿನಲ್ಲಿ, ಕನ್ನಡ ಬೀದಿಯಲ್ಲಿ ಸಿಕ್ಕಿದ್ದು. ಆ ಲೈಬ್ರರಿಯಲ್ಲಿ ಎರಡು ಬೀರು ಕನ್ನಡ ಪುಸ್ತಕಗಳಿದ್ದವು. ಅವನ್ನು ಸರಿಯಾಗಿ ಜೋಡಿಸಬೇಕೆಂದೇ ನಲವತ್ತು ದಾಟಿದ ಮೇಲೆ ಕನ್ನಡ ಅಕ್ಷರ ಕಲಿತರಂತೆ. "ಓದಕ್ಕೆ ಬರ್ದೆ ತಲೆಕೆಳಗಾಗಿ ಇಟ್ಬುಟ್ರೆ ಪುಸ್ತಕಕ್ಕೆ ತಲೆ ತಿರುಗಲ್ವೇನಮ್ಮಾ?" ಎಂದು ಕೇಳಿದ್ದರು. ಯಾರು ಎದುರಾದರೂ ಚೆನ್ನಾಗಿದ್ದೀರಾ ಎಂದು ಅವರು ಕೇಳಿದ್ದನ್ನು ನಾನು ಕಾಣೆ. "ಎಲ್ಲಿಗೆ ಬಂತು?" ಅನ್ನುತ್ತಿದ್ದರು. ಕೈಯಲ್ಲಿರುವ ಪುಸ್ತಕ ಎಷ್ಟನೇ ಪುಟಕ್ಕೆ ಬಂತು ಎಂದು ಅರ್ಥ. ಸಂತೆಯಲ್ಲಿ ತರಕಾರಿ ಆರಿಸುತ್ತಿರುವಾಗ ಹಿಂದಿನಿಂದ ಈ ಪ್ರಶ್ನೆ ಬಂದು ನಾನು ಎಷ್ಟೋ ಸಲ ಬೆಚ್ಚಿದ್ದೇನೆ.

ನಾನು ಮಾಲೂರು ಕಡೆಯವಳು. ಮದುವೆಯಾಗಿ ಹೊಸೂರಿಗೆ ಬಂದು, ಗಂಡ ಹೆಂಡತಿ ಇಬ್ಬರೂ ಫ್ಯಾಕ್ಟರಿಗೆ ಹೋಗುತ್ತಿದ್ದೆವು, ನಾನು ಪ್ಯಾಕಿಂಗ್ ಸೆಕ್ಷನ್ನಿಗೆ. ಓದುವ ಚಟ ಒಂದಿತ್ತು. ಮೊದಲ ದಿನ ಲೈಬ್ರರಿಗೆ ಹೋಗಿ ಪುಸ್ತಕ ಕೇಳಿದಾಗ, ಮೆಂಬರ್ ಆಗಲು ರೇಷನ್ ಕಾರ್ಡು ತೋರಿಸಬೇಕೆಂದರು. ತೋರಿಸಿದೆ. ನೋಡಿ, "ಇದು ಸೆಲ್ಲಾದು ಮಾ" ಎಂದು ತಮಿಳಿನಲ್ಲಿ ಹೇಳಿ ವಾಪಸು ಕೊಟ್ಟರು. ಕರ್ನಾಟಕದ ಕಾರ್ಡು ಇಲ್ಲಿ ನಡೆಯುವುದಿಲ್ಲ. ಬಾಡಿಗೆ ಮನೆಯ ಓನರು ವಿಳಾಸಕ್ಕೆಂದು ಒಂದು ಸಹಿ ಹಾಕಿಕೊಡಲೂ ತಯಾರಿರಲಿಲ್ಲ. ನನಗೆ ರೇಗಿತು.

"ಹಂಗಾದ್ರೆ ಈ ಕನ್ನಡ ಪುಸ್ತಕ ಯಾರಿಗೆ ಇಟ್ಕಂಡಿದೀರ ಸಾರ್? ಇಲಿಗಾ?" ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲಿ ಹತ್ರಾನೂ ಕಾರ್ಡಿಲ್ಲಮ್ಮಾ. ಆದ್ರೂ ತಿಂತಾ ಇದೆ. ನೀನೂ ತೊಗೊಂಡು ಹೋಗು" ಎಂದು ರಿಜಿಸ್ಟರ್ ಎಳೆದುಕೊಂಡು, ನನ್ನ ಪುಸ್ತಕದ ಮುಂದೆ ತಮ್ಮದೇ ಹೆಸರು ಬರೆದರು. ನನ್ನೊಬ್ಬಳಿಗೆ ಮಾಡಿದ್ದಲ್ಲ ಇದು. ಗಡಿಯ ಆ ಕಡೆಯಿಂದ ಬಂದು ಇಲ್ಲಿ ಬಾಳುತ್ತಿದ್ದ, ಯಾವ ಕಡೆಯ ಕಾಗದವೂ ಸರಿಯಾಗಿಲ್ಲದ ನಮ್ಮಂಥವರೆಲ್ಲ ಅವರ ಹೆಸರಿನಲ್ಲೇ ಓದುತ್ತಿದ್ದೆವು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಅವರನ್ನು ಯಾವುದೋ ಟ್ರೈನಿಂಗ್‌ಗೆ ಕಳಿಸಿದ್ದರು. ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಉಮೇದಿನಲ್ಲಿ ವಾಪಸು ಬಂದರು. "ಓದೋರು ಲೈಬ್ರರಿಗೆ ಬರ್ದಿದ್ರೆ ಲೈಬ್ರರಿನೇ ಓದೋರು ಇರೋ ಕಡೆ ಹೋಗ್ಬೇಕಂತಮ್ಮಾ. ಅದಕ್ಕೆ ಬ್ಲಾಗು ಅಂತ ಒಂದೈತಂತೆ. ನಿಂಗೆ ಕಂಪ್ಯೂಟರ್ ಬತ್ತದಲ್ಲ, ಹೇಳ್ಕೊಡು" ಎಂದರು. ಟ್ರೈನಿಂಗ್‌ಗೆ ಹೋದ ಮಿಕ್ಕವರೆಲ್ಲ ಅಲ್ಲಿ ಕೊಟ್ಟ ಬ್ಯಾಗು ಇಟ್ಟುಕೊಂಡು ಪಾಠ ಮರೆತರು. ನಮ್ಮ ಸಾರ್ ಒಬ್ಬರೇ ಅದನ್ನು ನಿಜವೆಂದು ನಂಬಿಬಿಟ್ಟರು.

ಲೈಬ್ರರಿಗೆ ಶುಕ್ರವಾರ ರಜೆ. ಆಗ ಕರೆಂಟಿನ ಅಭಾವವಿದ್ದದ್ದರಿಂದ ನಮ್ಮ ಫ್ಯಾಕ್ಟರಿಗೂ ವಾರಕ್ಕೊಂದು ದಿನ ಬಿಡುವು, ಅದೂ ಶುಕ್ರವಾರವೇ. ಬ್ರೌಸಿಂಗ್ ಸೆಂಟರಿನ ಆ ನೇರಳೆ ಮೂಲೆಯಲ್ಲಿ ಕೂತು ನಾನು ಕನ್ನಡ ಟೈಪಿಂಗ್ ಕಲಿಸಿದೆ. ಒಂದೇ ಬೆರಳಲ್ಲಿ, ಸೀಲು ಒತ್ತಿದ ಹಾಗೇ ಕುಟ್ಟುತ್ತಿದ್ದರು. ವಾರಕ್ಕೆ ಐದು ಪುಸ್ತಕದ ಹೆಸರು, ಒಂದೊಂದಕ್ಕೆ ಎರಡು ಸಾಲು. ಆ ಸಾಲುಗಳು ಎಷ್ಟು ಚೆಂದ ಇರುತ್ತಿದ್ದವು! "ಇದು ನಿಧಾನ ಹತ್ತೋ ಪುಸ್ತಕ, ಐವತ್ತನೇ ಪುಟದ ತನಕ ಸಹಿಸ್ಕೊಳ್ಳಿ." "ಇದರಲ್ಲಿ ಅತ್ತೆ ಪಾತ್ರ ನಂಗೆ ಬಹಳ ಇಷ್ಟ, ಮನೇಲಿ ಹೇಳ್ಬೇಡಿ." "ಈ ಪುಸ್ತಕ ನಂಗೆ ಅರ್ಥ ಆಗಿಲ್ಲ. ಅರ್ಥ ಆದೋರು ದಯವಿಟ್ಟು ತಿಳಿಸಿ."

ಕೆಳಗೆ ಕಮೆಂಟುಗಳು ಬರತೊಡಗಿದವು. ಮೊದಲು ಇಬ್ಬರು, ಮೂವರು. ಆಮೇಲೆ ಕೆಲಮಂಗಲ, ಗುಮ್ಮಳಾಪುರ, ಕೃಷ್ಣಗಿರಿ ಎಂದು ಊರೂರಿಂದ. "ಸಾರ್, ಎರಡನೇ ಪುಸ್ತಕ ನನಗೆ ಇರಲಿ." "ಅವರು ಓದಿದ ಮೇಲೆ ನನಗೆ." ಶನಿವಾರ ಬೆಳಿಗ್ಗೆ ಸಾರ್ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಬಸ್ ಸ್ಟ್ಯಾಂಡಿಗೆ ಹೋಗಿ ಆಯಾ ಊರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಕಂಡಕ್ಟರ್ ಅದನ್ನು ಊರಿನ ಸ್ಟಾಪಿನ ಪೆಟ್ಟಿಗೆ ಅಂಗಡಿಯಲ್ಲಿ ಇಳಿಸುತ್ತಿದ್ದ. "ಬಂತು ಸಾರ್" ಎಂದು ಕಮೆಂಟು ಬೀಳುತ್ತಿತ್ತು. ಓದಿದ ಮೇಲೆ ಅದೇ ಬಸ್ಸಿನಲ್ಲಿ ವಾಪಸು. ಒಮ್ಮೆ ಕೆಲಮಂಗಲದವರೊಬ್ಬರು, ಕಾದಂಬರಿಯ ಕೊನೆಯ ಎರಡು ಹಾಳೆಯೇ ಇಲ್ಲ, ನಾಯಕಿ ಬದುಕಿದಳೋ ಸತ್ತಳೋ ಗೊತ್ತಾಗದೆ ನಿದ್ದೆ ಬರುತ್ತಿಲ್ಲ ಎಂದು ಬರೆದರು. ಅದನ್ನು ನೋಡಿದ ಕೃಷ್ಣಗಿರಿ ಕೋರ್ಟಿನ ಗುಮಾಸ್ತರೊಬ್ಬರು, ತಮ್ಮ ಬಳಿ ಆ ಪುಸ್ತಕವಿದೆಯೆಂದು, ಆ ಹಾಳೆಗಳನ್ನು ಮುತ್ತಿನಂಥ ಅಕ್ಷರದಲ್ಲಿ ಕೈಯಲ್ಲೇ ಬರೆದು ಬಸ್ಸಿಗೆ ಹಾಕಿ ಕಳಿಸಿದರು. ಸಾರ್ ಅದನ್ನು ಪುಸ್ತಕಕ್ಕೆ ಸೂಜಿದಾರದಲ್ಲಿ ಹೊಲಿದರು. ಆ ದಿನ ಅವರ ಮುಖ ನೋಡಬೇಕಿತ್ತು. "ನೋಡ್ದಾಮ್ಮಾ? ಮುಖಾನೇ ನೋಡ್ದಿರೋರು ಒಬ್ರಿಗೊಬ್ರು ಕಥೆ ಮುಗಿಸ್ಕೊಡ್ತವ್ರೆ" ಎಂದರು.

ಇಷ್ಟೆಲ್ಲ ಪುಸ್ತಕಗಳೂ ರಿಜಿಸ್ಟರಿನಲ್ಲಿ ಹೋಗುತ್ತಿದ್ದದ್ದು ಯಾರ ಹೆಸರಿಗೆ? ಅವರದ್ದೇ. ಒಂದು ಸಲ ಅವರಿಗೇ ಅನುಮಾನ ಬಂದು, "ಯಾರ್ ಯಾರು ತೊಗೊಂಡ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ದು ಸೈನ್ ಹಾಕಿಸ್ಕೊಂಬುಡ್ಲಾ?" ಎಂದು ನನ್ನನ್ನು ಕೇಳಿದ್ದರು. ನಾನು ದೊಡ್ಡ ಪಂಡಿತೆಯ ಹಾಗೆ, "ಯಾವ ಕಾಲದಲ್ಲಿದೀರ ಸಾರ್? ಎಲ್ಲಾ ಕಮೆಂಟಲ್ಲೇ ಇದೆಯಲ್ಲ, ಇನ್ನು ನೋಟ್‌ಬುಕ್ ಯಾಕೆ?" ಎಂದೆ. ಹೌದಲ್ವಾ ಎಂದು ಸುಮ್ಮನಾದರು. ಈ ಮಾತು ನೆನಪಾದಾಗಲೆಲ್ಲ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮುಂದಿನ ವರ್ಷ ಲೈಬ್ರರಿಯಲ್ಲಿ ಜಾಗ ಸಾಲದೆಂದು, ಓದುಗರಿಲ್ಲದ ಬೀರುಗಳನ್ನು ತೆಗೆಸಬೇಕೆಂದು ಆದೇಶ ಬಂತು. ಕನ್ನಡದ ಎರಡು ಬೀರುಗಳ ಹೆಸರೂ ಅದರಲ್ಲಿತ್ತು. ಪರಿಶೀಲನೆಗೆ ಕೃಷ್ಣಗಿರಿಯಿಂದ ಆಫೀಸರು ಬರುವ ದಿನ ಮಂಗಳವಾರ ಎಂದು ಗೊತ್ತಾಯಿತು. ಆ ಶುಕ್ರವಾರ ಸಾರ್ ಐದು ಪುಸ್ತಕದ ಹೆಸರು ಹಾಕಲಿಲ್ಲ. ಬರೆದದ್ದು ಇಷ್ಟೇ: "ಮಂಗಳವಾರ ಹತ್ತು ಗಂಟೆಗೆ ದಯವಿಟ್ಟು ಬನ್ನಿ. ಏನೂ ಮಾತಾಡಬೇಕಾಗಿಲ್ಲ. ಬಂದು ಕೂತರೆ ಸಾಕು. ನಮ್ಮ ಬೀರು ಉಳಿಯುತ್ತದೆ."

ಕಮೆಂಟುಗಳು ಸುರಿದವು. "ಖಂಡಿತ ಸಾರ್." "ಕುಟುಂಬ ಸಮೇತ ಬರ್ತೀವಿ." "ಇದು ನಮ್ಮೆಲ್ಲರ ಹೋರಾಟ." ಆಹಾ, ಹೋರಾಟವಂತೆ! ಸಂಜೆಯೊಳಗೆ ಇಪ್ಪತ್ತೆರಡು ಜನ ಬರುವುದಾಗಿ ಬರೆದಿದ್ದರು. ಎಲ್ಲರಿಗಿಂತ ಮೊದಲು ಬರೆದವಳು ನಾನು. ಅವರ ಪಕ್ಕದಲ್ಲೇ ಕೂತು, ಅವರು ನೋಡುತ್ತಿದ್ದ ಹಾಗೇ ಟೈಪ್ ಮಾಡಿದ್ದೆ: "ಮೊದಲ ಕುರ್ಚಿ ನನ್ನದು ಸಾರ್." ಕಮೆಂಟುಗಳನ್ನೆಲ್ಲ ಪ್ರಿಂಟ್ ತೆಗೆದು ಆಫೀಸರಿಗೆ ತೋರಿಸೋಣ, ಅದನ್ನು ಮಂಗಳವಾರ ಬೆಳಿಗ್ಗೆ ಬೇಗ ಬಂದು ನಾನೇ ತೆಗೆಸಿಕೊಡುತ್ತೇನೆ ಎಂದೂ ಹೇಳಿದ್ದೆ.

ಮಂಗಳವಾರ ರಜೆ ಹಾಕಿದೆ. ಅಷ್ಟು ಮಾಡಿದೆ. ಬೆಳಿಗ್ಗೆ ಎದ್ದರೆ ಮಾಲೂರಿನ ಮೊದಲ ಬಸ್ಸಿಗೇ ನಾದಿನಿ ಬಂದು ಕೂತಿದ್ದಳು. ರಜೆ ಹಾಕಿದ್ದೀಯಲ್ಲ ಅತ್ತಿಗೆ, ಬಾ, ಸೀರೆ ತೆಗೆಯೋಣ ಎಂದಳು. ಆಗುವುದಿಲ್ಲ ಎಂದು ಹೇಳಲು ನನಗೇನು ಬಾಯಿ ಬಿದ್ದುಹೋಗಿತ್ತೇ? ಹನ್ನೊಂದಕ್ಕೆ ಹೋದರಾಯಿತು ಅಂದುಕೊಂಡೆ. ಅಷ್ಟೊಂದು ಜನ ಹೋಗುತ್ತಾರಲ್ಲ, ನಾನೊಬ್ಬಳು ತಡವಾದರೆ ಏನು ಮುಳುಗಿಹೋಗುತ್ತದೆ ಅಂದುಕೊಂಡೆ. ಲೈಬ್ರರಿಯಿಂದ ಎರಡು ಬೀದಿ ಆಚೆ, ಅಂಗಡಿಯ ಚಾಪೆಯ ಮೇಲೆ ಕೂತು, ಅಂಚು ದೊಡ್ಡದಾಯಿತೇ ಚಿಕ್ಕದಾಯಿತೇ ಎಂದು ನೋಡುತ್ತಾ ಮಧ್ಯಾಹ್ನ ಒಂದು ಗಂಟೆಯಾಯಿತು. ಮಿಕ್ಕ ಇಪ್ಪತ್ತೊಂದು ಜನವೂ ಇದೇ ಲೆಕ್ಕ ಹಾಕಿಕೊಂಡು ಮನೆಯಲ್ಲೇ ಕೂತಿದ್ದರು ಎಂದು ನನಗೆ ಗೊತ್ತಿರಲಿಲ್ಲ.

ಅಂದು ನಡೆದದ್ದನ್ನು ಆಮೇಲೆ ಹೇಳಿದವನು ಲೈಬ್ರರಿ ಎದುರಿನ ಶಾಮಿಯಾನ ಅಂಗಡಿಯವನು. "ಸಾರು ಬಂದು ಇಪ್ಪತ್ತೆರಡು ಕುರ್ಚಿ ಕೇಳುದ್ರಕ್ಕ. ಏನ್ ಸಾರ್, ಲೈಬ್ರರೀಲಿ ಮದ್ವೆನಾ ಅಂದೆ. ಹೂಂಕಣಪ್ಪಾ, ನಂಟ್ರು ಬತ್ತವ್ರೆ ಅಂದ್ರು. ಅವ್ರೇ ಸಾಲಾಗಿ ಹಾಕಿ, ಒರ್ಸುದ್ರು. ಮುಂದ್ಗಡೆ ಒಂದು ಕುರ್ಚಿ ಮ್ಯಾಲೆ ಬಸ್ಸಲ್ಲಿ ಟವಲ್ ಹಾಕ್ದಂಗೆ ಒಂದು ಪುಸ್ತಕ ಮಡಗುದ್ರು. ಆಫೀಸರು ಅದ್ರಲ್ಲಿ ಕೂತ್ಕಳಕ್ಕೆ ಹೋದ್ರೆ, ಇದ್ರಲ್ಲಿ ಜನ ಬತ್ತವ್ರೆ ಅಂತ ಬ್ಯಾರೆ ಕುರ್ಚಿ ಕೊಟ್ರು."

"ಒಬ್ರೂ ಬರ್ಲಿಲ್ವಾ?" ಎಂದೆ.

"ಒಬ್ಬ ಮುದುಕಪ್ಪ ಬಂದಿದ್ದ. ಗುಮ್ಮಳಾಪುರ್ದೋನಂತೆ. ಮೊಮ್ಮಗಳು ಕಂಪೂಟ್ರಲ್ಲಿ ಓದಿ ಯೋಳುದ್ಲಂತೆ. ಮಿಕ್ಕೋರು ಯಾರೂ ಬರ್ನಿಲ್ಲಕ್ಕ."

ನಾನು ಬರದಿದ್ದರಿಂದ ಸಾರ್ ತಾವೇ ಹೋಗಿ ಪ್ರಿಂಟ್ ತೆಗೆಸಿದ್ದರು. ನಮ್ಮ ಮೂಲೆಯ ಕಂಪ್ಯೂಟರಿಗೆ ಮಾತ್ರ ನಾನು ಕನ್ನಡ ಹಾಕಿಸಿದ್ದೆ. ಪ್ರಿಂಟರ್ ಇದ್ದದ್ದು ಯಜಮಾನನ ಕಂಪ್ಯೂಟರಿಗೆ. ಅದರಲ್ಲಿ ಕನ್ನಡ ಅಕ್ಷರವೆಲ್ಲ ಚೌಕ ಚೌಕವಾಗಿ ಬರುತ್ತದೆ, ಪ್ರಿಂಟ್ ತೆಗೆಯುವ ಮೊದಲು ಏನೇನು ಮಾಡಬೇಕೆಂದು ಗೊತ್ತಿದ್ದವಳು ನಾನೊಬ್ಬಳೇ. ಅವಸರದಲ್ಲಿ ಅವರು ಕಟ್ಟು ಬಿಚ್ಚಿ ನೋಡದೆ ತಂದಿದ್ದರು. ಆಫೀಸರು ಒಂದೊಂದೇ ಹಾಳೆ ಮಗುಚಿ, "ಎನ್ನ ಸಾರ್, ಎಲ್ಲಾಮೇ ಕಟ್ಟಮಾ ಇರುಕ್ಕು?" ಎಂದು ಕೇಳಿದರಂತೆ, ಬರೀ ಚೌಕಗಳೇ ಇವೆಯಲ್ಲ ಎಂದು. ಬ್ರೌಸಿಂಗ್ ಸೆಂಟರಿಗೆ ಬನ್ನಿ, ಅಲ್ಲಿ ತೋರಿಸುತ್ತೇನೆ ಎಂದು ಸಾರ್ ಅಂಗಲಾಚಿದರು. ಅಷ್ಟರಲ್ಲಿ ಕರೆಂಟು ಹೋಗಿತ್ತು. ಆಫೀಸರು ಮುದುಕಪ್ಪನ ಕಾರ್ಡು ಕೇಳಿದರು. ಕಾರ್ಡಿರಲಿಲ್ಲ. ರಿಜಿಸ್ಟರ್ ತೆಗೆದು ನೋಡಿದರು. ಪುಟದ ಮೇಲೆ ಪುಟ, ಒಂದೇ ಹೆಸರು. ಕನ್ನಡ ಬೀರುಗಳಿಗೆ ಇರುವ ಓದುಗ ಲೈಬ್ರರಿಯನ್ ಒಬ್ಬನೇ ಎಂದು ಬರೆದುಕೊಂಡು ಹೋದರು.

ಆಫೀಸರನ್ನು ಬೈಯಲು ನನಗೆ ಬಾಯಿಲ್ಲ. ಅವರು ಕಂಡದ್ದನ್ನು ಬರೆದರು. ಅವರಿಗೆ ಕಾಣದ ಹಾಗೆ ಅವಿತವರು ನಾವು.

ಶುಕ್ರವಾರ ಮುಖ ತಗ್ಗಿಸಿಕೊಂಡು ಬ್ರೌಸಿಂಗ್ ಸೆಂಟರಿಗೆ ಹೋದೆ. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನನ್ನನ್ನು ನೋಡಿ, ನಾನು ಬಾಯಿ ತೆರೆಯುವ ಮೊದಲೇ, "ಬಸ್ಸು ಸಿಕ್ಕಿರಲ್ಲ ಬಿಡಮ್ಮಾ" ಎಂದರು. ನನ್ನ ಮನೆಯಿಂದ ಲೈಬ್ರರಿಗೆ ಹದಿನೈದು ನಿಮಿಷದ ನಡಿಗೆ. ಅದು ಅವರಿಗೂ ಗೊತ್ತು.

"ಹೂಂ ಸಾರ್. ಬಸ್ಸು ಸಿಗಲಿಲ್ಲ" ಎಂದೆ.

ಆಮೇಲಿನದು ಬೇಗ ಮುಗಿಯಿತು. ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಕೃಷ್ಣಗಿರಿಯ ಒಂದು ಗೋಡೌನಿಗೆ ಸಾಗಿಸಿದರು. ಅಷ್ಟೊಂದು ಪುಸ್ತಕ ನಿಮ್ಮ ಹೆಸರಲ್ಲಿ ಹೊರಗೆ ಹೋಗಿದ್ದು ಹೇಗೆ ಎಂದು ಸಾರ್‌ಗೆ ಮೆಮೊ ಬಂತು. ದಯವಿಟ್ಟು ಪುಸ್ತಕ ವಾಪಸು ಕಳಿಸಿ ಎಂದು ಅವರು ಬ್ಲಾಗಿನಲ್ಲಿ ಮೂರು ಸಲ ಬರೆದರು. ಕೋರ್ಟಿನ ಗುಮಾಸ್ತರು ಕಳಿಸಿದರು, ಮುದುಕಪ್ಪ ಕಳಿಸಿದ, ಇನ್ನು ಕೆಲವರು ಕಳಿಸಿದರು. ಹೋರಾಟದವರು ಕಳಿಸಲಿಲ್ಲ. ಸಾರ್ ಅವರನ್ನೂ ಅದೇ ಗೋಡೌನಿಗೆ ವರ್ಗ ಮಾಡಿದರು. ಓದುಗರೇ ಇಲ್ಲದ ಕಡೆ, ಪುಸ್ತಕದ ಮೂಟೆಗಳ ನಡುವೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಬೆರಳಿನ ಬಣ್ಣ ಹೋಗಿ ಬಿಳಿಚಿಕೊಂಡಿತ್ತು. "ಎಲ್ಲಿಗೆ ಬಂತು?" ಎಂದು ಕೇಳಲಿಲ್ಲ. ಚೆನ್ನಾಗಿದ್ದೀಯಾಮ್ಮಾ ಎಂದರು.

ಎರಡು ವರ್ಷವೂ ತುಂಬಿರಲಿಲ್ಲ, ಎದೆನೋವೆಂದು ಕೂತವರು ಎದ್ದೇಳಲಿಲ್ಲ. ಯಾರೋ ಬ್ಲಾಗಿನಲ್ಲಿ ಸುದ್ದಿ ಹಾಕಿದರು. ಒಂದೇ ದಿನಕ್ಕೆ ಐವತ್ತು ಕಮೆಂಟು! ಆತ್ಮಕ್ಕೆ ಶಾಂತಿಯಂತೆ, ತುಂಬಲಾರದ ನಷ್ಟವಂತೆ. ಥೂ ನಮ್ಮ ಜನ್ಮಕ್ಕಿಷ್ಟು. ನಾನು ಒಂದಕ್ಷರ ಟೈಪ್ ಮಾಡಲಿಲ್ಲ, ಅವರ ಮನೆಗೆ ಹೋದೆ.

ಅವರ ಹೆಂಡತಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಾಫಿ ಕೊಟ್ಟು, ತೆಲುಗು ಬೆರೆತ ಕನ್ನಡದಲ್ಲಿ ಯಾರಮ್ಮಾ ನೀನು ಎಂದು ಕೇಳಿದರು. ಕಂಪ್ಯೂಟರ್ ಹೇಳಿಕೊಟ್ಟವಳು ಎಂದೆ.

"ಓ, ಮೊದಲ್ನೇ ಕುರ್ಚಿ ಹುಡುಗೀನಾ?" ಎಂದರು. ಒಳಗೆ ಹೋಗಿ ಒಂದು ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. ನಾನು ತಿಂಗಳುಗಟ್ಟಲೆ ಕೇಳುತ್ತಿದ್ದ ಕಾದಂಬರಿ. ಅದಕ್ಕೊಂದು ಚೀಟಿ ಅಂಟಿಸಿತ್ತು, ಆ ಮಂಗಳವಾರದ ತಾರೀಕಿನ ನೇರಳೆ ಸೀಲು, ಮುಂದೆ ಅವರದೇ ಹೆಸರು. "ಇದು ನಿಂದೇ ಅಂತೆ. ಆವತ್ತು ಕುರ್ಚಿ ಮೇಲೆ ಇಟ್ಟಿದ್ರಂತೆ. ನಿನ್ನ ಬಗ್ಗೆ ಯಾರಾನಾ ಒಂದು ಮಾತಂದ್ರೆ ಒಪ್ತಾ ಇರ್ಲಿಲ್ಲಮ್ಮಾ ಅವ್ರು. ಆ ಹುಡುಗಿ ಹೊರಟೇ ಇದ್ಲು, ಬಸ್ಸು ಸಿಗ್ಲಿಲ್ಲ ಪಾಪ, ಅಂತಿದ್ರು. ಹೌದೇನಮ್ಮಾ?"

ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ.

"ಹೂಂ" ಎಂದೆ. ಎರಡನೇ ಸಲ.