ಕೋಕೋಪೀಟ್ ತೊಳೆಯುತ್ತಿದ್ದ ಅಮೀನಾ

ಅಮೀನಾಳನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ಹದಿನೆಂಟರ ಜೂನ್ ತಿಂಗಳಿನಲ್ಲಿ, ನಾನು ನಿವೃತ್ತನಾದ ಮರುವಾರ. ತಾರಸಿಯ ಮೇಲೆ ಟೊಮೇಟೊ ಬೆಳೆಯಬೇಕೆಂಬ ಹಂಬಲ ಹುಟ್ಟಿ, ಯಲಹಂಕದಿಂದ ಬಸ್ಸು ಹಿಡಿದು ಚಿಕ್ಕಜಾಲದ ರಸ್ತೆಬದಿಯ ನರ್ಸರಿಯೊಂದಕ್ಕೆ ಹೋಗಿದ್ದೆ. ಹಿಂಭಾಗದಲ್ಲಿ, ಹಸಿರು ಪರದೆಯ ನೆರಳಿನಲ್ಲಿ, ಸುಮಾರು ನಲವತ್ತು ವರ್ಷದ ಹೆಂಗಸೊಬ್ಬಳು ಕುಕ್ಕುರುಗಾಲಿನಲ್ಲಿ ಕುಳಿತಿದ್ದಳು. ಒದ್ದೆ ಗೋಣಿಚೀಲದಿಂದ ತೊಟ್ಟಿಕ್ಕುತ್ತಿದ್ದ ಕಂದು ನೀರನ್ನು ಅಂಗೈಯಲ್ಲಿ ಹಿಡಿದು ನಾಲಗೆಗೆ ಮುಟ್ಟಿಸಿಕೊಂಡಳು. ಪಕ್ಕಕ್ಕೆ ಉಗಿದಳು. ಮತ್ತೆ ಚೀಲದ ಮೇಲೆ ಒಂದು ಬಕೆಟ್ ನೀರು ಹೊಯ್ದಳು.

“ಏನಮ್ಮ ಅದು?” ಎಂದೆ.

“ಕೋಕೋಪೀಟ್ ಸಾರ್, ತೆಂಗಿನ ನಾರಿನ ಪುಡಿ. ಉಪ್ಪು ಹೋಯ್ತಾ ಅಂತ ನೋಡ್ತಿದೀನಿ.”

“ತೆಂಗಿನ ನಾರಿಗೆ ಉಪ್ಪೆಲ್ಲಿಂದ ಬಂತು?”

“ಸಮುದ್ರದ ಕಡೆ ಉಪ್ಪುನೀರಲ್ಲಿ ನೆನೆ ಹಾಕ್ತಾರೆ ಸಾರ್. ಅದು ಒಳಗೇ ಕೂತಿರ್ತದೆ, ಒಂದ್ಸಲ ತೊಳೆದ್ರೆ ಹೋಗಲ್ಲ. ಹಾಗೇ ಗಿಡ ಇಟ್ರೆ ಟೊಮೇಟೊ ಬರ್ತದೆ, ನೋಡಕ್ಕೆ ಕೆಂಪಗಿರ್ತದೆ, ಬಾಯಿಗಿಟ್ರೆ ಸಪ್ಪೆ.”

ಅಷ್ಟರಲ್ಲಿ ನರ್ಸರಿಯ ಒಡತಿ ಗೋಪಾಲಮ್ಮ ಮುಂದಿನಿಂದಲೇ ಕೂಗಿದಳು. ಅವಳ ಮಗ ನನ್ನ ಶಾಲೆಯಲ್ಲಿ ಓದಿದವನಾದ್ದರಿಂದ ನನ್ನ ಪರಿಚಯ ಅವಳಿಗಿತ್ತು. “ಏ ಅಮೀನಾ, ಮೇಷ್ಟ್ರಿಗೇ ಪಾಠ ಏಳ್ತೀಯೇನೇ? ಬಕೆಟ್ ಎತ್ತೋಳಿಗೆ ಬಾಯಿ ಬೇರೆ! ಬನ್ನಿ ಸಾ, ಅವ್ಳ ಮಾತು ಕಟ್ಕೊಂಡ್ರೆ ಒತ್ತು ಮುಳುಗ್ತದೆ.”

ಅಮೀನಾ ಏನೂ ಆಗದವಳಂತೆ ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆಗೆ ಹೋದಳು. ಆಕೆ ತೊಳೆದಿದ್ದ ಪುಡಿಯನ್ನೇ ನಾನು ಕೊಂಡು ತಂದೆ. ಆ ವರ್ಷ ನಮ್ಮ ಮನೆಯಲ್ಲಿ ತಿಂದ ಟೊಮೇಟೊ ಹಣ್ಣಿನ ಸವಿಯನ್ನು ನನ್ನ ಹೆಂಡತಿ ಈಗಲೂ ನೆನೆಯುತ್ತಾಳೆ.

ಆಮೇಲೆ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುವ ರೂಢಿಯಾಯಿತು. ಅಮೀನಾಳ ತಂದೆ ಆರ್.ಟಿ. ನಗರದಲ್ಲಿ ತೆಂಗಿನ ನಾರಿನ ಹಾಸಿಗೆ ಮಾಡುತ್ತಿದ್ದವರು. ನಾರು, ಪುಡಿ, ಧೂಳುಗಳ ನಡುವೆಯೇ ಆಕೆ ಬೆಳೆದಿದ್ದಳು. ನಾಲ್ಕನೆಯ ತರಗತಿಗೆ ಓದು ನಿಂತಿತ್ತು. ಗಂಡ ಅಕ್ಬರ್ ಪಾಷಾ ತಣಿಸಂದ್ರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ನರ್ಸರಿಗೆ ಬಂದವರು ಎಲೆ ಹಳದಿಯಾಯಿತೆಂದೋ ಮೊಗ್ಗು ಉದುರಿತೆಂದೋ ಕೇಳಿದರೆ, ಗೋಪಾಲಮ್ಮ “ತಾಳಿ, ನೋಡ್ಕೊಂಬತ್ತೀನಿ” ಎಂದು ಹಿಂದಕ್ಕೆ ಹೋಗಿ ಅಮೀನಾಳನ್ನು ಕೇಳಿ, ಮುಂದೆ ಬಂದು ತನ್ನದೇ ಮಾತೆಂಬಂತೆ ಹೇಳುತ್ತಿದ್ದಳು. ಒಮ್ಮೆ ಒಂದು ಸಸ್ಯ ಪ್ರದರ್ಶನದಲ್ಲಿ ಆ ನರ್ಸರಿಯ ಪುದೀನಕ್ಕೆ ಮೊದಲ ಬಹುಮಾನ ಬಂದಿತು. ಅದನ್ನು ಬೆಳೆದವಳು ಅಮೀನಾ. ಬಹುಮಾನ ಕೊಡುವ ಹೊತ್ತಿನಲ್ಲಿ, ಬಟ್ಟೆ ಕೆಸರಾಗಿದೆಯೆಂದು ಹೇಳಿ ಗೋಪಾಲಮ್ಮ ಆಕೆಯನ್ನು ಟೆಂಪೋ ಕಾಯಲು ಕೂರಿಸಿದ್ದಳು.

ಆ ನರ್ಸರಿಗೆ ಚನ್ನು ಎಂಬವನು ಬಂದದ್ದು ಎರಡು ವರ್ಷಗಳ ನಂತರ. ಬೀದರ್ ಕಡೆಯವನು, ಇಪ್ಪತ್ತೆಂಟು ವರ್ಷ, ಖಾಸಗಿ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕ. ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಕೋಣೆಯೊಳಗೆ ದೀಪ ಹಾಕಿ ಕೋಕೋಪೀಟಿನಲ್ಲಿ ಪುದೀನ ಬೆಳೆಯುತ್ತಿದ್ದೇನೆ ಎಂದನಂತೆ.

“ನೋಡಾಕ ಮಸ್ತ್ ಅದಾವ್ರೀ, ರುಚಿನs ಇಲ್ಲ. ಒಣಹುಲ್ಲಿನ ವಾಸನಿ. ಗಂಟಲಾ ಕೆರೀತದ.”

“ಪುದೀನ ಗಂಟ್ಲು ಕೆರೆಯುತ್ತಾ?” ಎಂದು ಗೋಪಾಲಮ್ಮ ನಕ್ಕು ಬೇರೆ ಗಿರಾಕಿಯ ಕಡೆಗೆ ಹೋದಳು. ಅಮೀನಾ ಮಾತ್ರ, “ಎಷ್ಟು ಸಲ ತೊಳೆದ್ರಿ ಪುಡೀನ?” ಎಂದು ಕೇಳಿದಳು. ತೊಳೆಯಬೇಕೆಂಬುದೇ ಅವನಿಗೆ ತಿಳಿದಿರಲಿಲ್ಲ. “ಆಂಟಿ, ನಿಮಗs ಗೊತ್ತದ. ಒಮ್ಮೆ ಬಂದು ನೋಡ್ರೆಲಾ” ಎಂದು ಅವನು ಕೈಮುಗಿದ.

ಮರುದಿನ ಸಂಜೆ, ಮನೆಗೆ ಹೋಗುವ ದಾರಿಯೇ ಆದ್ದರಿಂದ, ಆಕೆ ಹೋಗಿ ನೋಡಿದಳು. ಕಿಟಕಿಗೆ ಕಪ್ಪು ಹಾಳೆ, ಮೇಲೆ ದೀಪಗಳು, ಕೆಳಗೆ ಸಾಲು ಚೀಲಗಳು. ಚೀಲಗಳಲ್ಲಿದ್ದದ್ದು ಗಾಂಜಾ. ಔಷಧಿಯ ಗಿಡವೆಂದೂ ಪರವಾನಗಿ ಇದೆಯೆಂದೂ ಚನ್ನು ಯಾವುದೋ ಮೊಹರಿನ ಕಾಗದ ತೋರಿಸಿದ.

“ನಿನಗೆ ಆಗಲೇ ಗೊತ್ತಾಗಲಿಲ್ಲವೇ?” ಎಂದು ನಾನು ಬಹಳ ದಿನಗಳ ಮೇಲೆ ಕೇಳಿದ್ದೆ.

“ಕಾಗದ ಓದಕ್ಕೆ ಬರಲ್ಲ, ಎಲೆ ಓದಕ್ಕೆ ಬರ್ತದೆ ಸಾರ್. ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಯ್ತು.”

“ಮತ್ತೇಕಮ್ಮ ನಿಂತೆ?”

“ಗಿಡ ನರಳ್ತಿತ್ತು. ಆ ಹುಡುಗ ‘ನೀವು ಹೇಳ್ರಿ, ನೀವು ಹೇಳಿದಂಗ ಮಾಡ್ತೀನಿ’ ಅಂದ. ನನಗೆ ಹಾಗೆ ಯಾರು ಅಂದಿದ್ರು ಸಾರ್?”

ಆಕೆ ಮಾಡಿದ್ದು ಇಷ್ಟೇ. ಪುಡಿಯನ್ನು ತನ್ನ ನಾಲಗೆ ಒಪ್ಪುವವರೆಗೆ ತೊಳೆದಳು. ಅವನು ದಿನವೂ ಸುರಿಯುತ್ತಿದ್ದ ಡಬ್ಬಿಯ ಗೊಬ್ಬರಕ್ಕೆ ಕಡಿವಾಣ ಹಾಕಿದಳು. “ದಿನಾ ಬಿರಿಯಾನಿ ಹಾಕ್ತೀಯಲ್ಲೋ, ಗಿಡಕ್ಕೂ ಒಂದಿಷ್ಟು ದಿನ ರೋಜಾ, ಉಪವಾಸ ಬೇಡ್ವಾ? ಕೊನೇಲಿ ಬರೀ ನೀರು ಕೊಡು. ನಮ್ಮ ರೋಜಾದಲ್ಲಿ ನೀರೂ ಇಲ್ಲ, ನಿನ್ನ ಗಿಡ ಪುಣ್ಯ ಮಾಡಿದೆ” ಎಂದು ಗದರಿಸಿದಳಂತೆ. ಕೊಯ್ದದ್ದನ್ನು ಫ್ಯಾನಿನ ಕೆಳಗೆ ಒಣಗಿಸುವುದನ್ನು ಬಿಡಿಸಿ, ತನ್ನ ತಾಯಿ ಪುದೀನವನ್ನು ಒಣಗಿಸುತ್ತಿದ್ದ ಹಾಗೆ ಕತ್ತಲಲ್ಲಿ ನಿಧಾನವಾಗಿ ಒಣಗಿಸಿದಳು. ತಾನು ಒಂದು ದಿನವೂ ಅದನ್ನು ಸೇದಲಿಲ್ಲ. ಬೆರಳಿನಲ್ಲಿ ತಿಕ್ಕಿ ಮೂಸಿದರೆ ಆಕೆಗೆ ಸಾಕಾಗಿತ್ತು.

ಮೂರನೆಯ ಬೆಳೆಗೆ ಹುಲ್ಲಿನ ವಾಸನೆ ಹೋಗಿ ಮಾವಿನ ಸಿಪ್ಪೆಯ ಪರಿಮಳ ಬಂದಿತು. ಚನ್ನು ಆಕೆಯ ಕಾಲು ಮುಟ್ಟಿ, “ನೀವು ಪ್ರೊಫೆಸರ್ ರೀ ಆಂಟಿ, ಪ್ರೊಫೆಸರ್!” ಎಂದ. ಆ ಮಾತನ್ನು ನನಗೆ ಹೇಳುವಾಗ ಅಮೀನಾಳ ಮುಖದಲ್ಲಿ ನಾಚಿಕೆಯೂ ಸಂತೋಷವೂ ಒಟ್ಟಿಗೆ ಕಾಣುತ್ತಿದ್ದುವು.

ಒಣಹುಲ್ಲಿನ ವಾಸನೆಯನ್ನು ಆ ಕಟ್ಟಡದಲ್ಲಿ ಯಾರೂ ಗಮನಿಸಿರಲಿಲ್ಲ. ಪರಿಮಳವು ಬಚ್ಚಲಿನ ಕೊಳವೆಗಳ ಸಂದಿನಿಂದ ಏಳನೆಯ ಮಹಡಿಯವರೆಗೆ ಏರಿತು. ಕಟ್ಟಡದ ಸಂಘದವರು ಪೊಲೀಸರಿಗೆ ದೂರು ಕೊಟ್ಟರು. ಎರಡು ಸಾವಿರದ ಇಪ್ಪತ್ತೊಂದರ ಫೆಬ್ರುವರಿಯ ಒಂದು ಸಂಜೆ ಪೊಲೀಸರು ಬಾಗಿಲು ತೆರೆಸಿದಾಗ, ಅಮೀನಾ ಬಕೆಟ್ ಹಿಡಿದು ನಿಂತಿದ್ದಳು. ಚನ್ನು ಗೋಡೆಗೆ ಒರಗಿ ಅಳತೊಡಗಿದ.

“ಎಲ್ಲಾ ಈ ಆಂಟಿದs ಕೆಲ್ಸ ಸರ್. ನನಗ ಗಿಡದ ಗಂಧಾನೂ ಗೊತ್ತಿಲ್ಲ. ಪ್ರೊಫೆಸರ್ ಇವರs ಸರ್!”

ಇಬ್ಬರನ್ನೂ ಪೊಲೀಸರು ಕರೆದೊಯ್ದರು. ಅಮೀನಾಳ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಓಣಿಯ ಮಕ್ಕಳು ‘ಗಾಂಜಾ ಫುಪ್ಪು’, ಗಾಂಜಾ ಅತ್ತೆ, ಎಂದು ಕೂಗಿ ಓಡುತ್ತಿದ್ದರು. ಎರಡು ತಿಂಗಳ ಮೇಲೆ ಜಾಮೀನು ಸಿಕ್ಕಿ ಮನೆಗೆ ಬಂದವಳನ್ನು ಅಕ್ಕಪಕ್ಕದವರು ಮಾತನಾಡಿಸಲಿಲ್ಲ. ಗೋಪಾಲಮ್ಮ ನರ್ಸರಿಯ ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿದಳು.

ಮೊಕದ್ದಮೆ ಎರಡು ವರ್ಷ ನಡೆಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಕೀಲನಾಗಿದ್ದ. ಅವನೇ ಆಕೆಯ ಪರವಾಗಿ ನಿಂತ. ಮೊದಲ ದಿನವೇ ನನ್ನ ಎದುರಿಗೆ ಹೇಳಿದ: “ನೋಡಮ್ಮ, ಗಿಡ ಬೆಳೆಸಿದೋಳು ನೀನೇ ಅಂತ ಆದ್ರೆ ವರ್ಷಗಟ್ಟಲೆ ಒಳಗೆ. ಬಿಡಿಸೋ ದಾರಿ ಒಂದೇ. ನೀನು ದಡ್ಡಿ. ನೀರು ಹಾಕು ಅಂದ್ರು, ಹಾಕ್ದೆ. ಏನು ಕೇಳಿದ್ರೂ ‘ಗೊತ್ತಿಲ್ಲ ಸ್ವಾಮಿ’ ಅನ್ನು. ಎರಡೇ ಮಾತು.”

“ಎಷ್ಟು ಸಲ ಅನ್ಬೇಕು?” ಎಂದಳು ಅಮೀನಾ.

“ಕೇಳಿದಷ್ಟು ಸಲ.”

ಮನೆಯಲ್ಲಿ ಅಕ್ಬರ್ ಪಾಷಾ ಊಟಕ್ಕೆ ಕುಳಿತಾಗಲೆಲ್ಲ ಆಕೆಗೆ ಅಭ್ಯಾಸ ಮಾಡಿಸುತ್ತಿದ್ದ. ಗಿಡ ಯಾವುದು? ಗೊತ್ತಿಲ್ಲ. ಯಾರು ಬೆಳೆಸಿದ್ದು? ಗೊತ್ತಿಲ್ಲ. ಒಂದು ದಿನ ನಾನೂ ಅಲ್ಲಿದ್ದೆ. ನನಗೆ ತಿಳಿಯಲೆಂದು ಕನ್ನಡದಲ್ಲಿಯೇ ಕೇಳಿದ: “ನಾರಿನ ಪುಡಿಗೆ ಉಪ್ಪು ಎಲ್ಲಿಂದ ಬರ್ತದೆ?” “ಸಮುದ್ರದ ಕಡೆ...” ಎಂದು ಅಮೀನಾ ಶುರುಮಾಡಿದಳು. “ನೋಡಿ ಸಾರ್, ಇಲ್ಲೇ ಬೀಳ್ತಾಳೆ ಇವ್ಳು! ಗೊತ್ತಿಲ್ಲ ಅನ್ನಕ್ಕೆ ಏನ್ ರೋಗ ನಿನಗೆ?” ಎಂದು ಅವನು ರೊಟ್ಟಿಯ ಚೂರನ್ನು ತಟ್ಟೆಗೆ ಎಸೆದ.

ಗೋಪಾಲಮ್ಮನನ್ನು ಸಾಕ್ಷಿಗೆ ಕರೆಸಿದವರು ಸರಕಾರದ ವಕೀಲರು. ಅಮೀನಾ ಈ ಕೆಲಸವನ್ನು ಚೆನ್ನಾಗಿ ಬಲ್ಲವಳೆಂದು ಅವಳ ಬಾಯಿಂದ ಹೇಳಿಸಬೇಕೆಂಬುದು ಅವರ ಉದ್ದೇಶ. ಗೋಪಾಲಮ್ಮ ಕಟಕಟೆಯಲ್ಲಿ ನಿಂತು ಸೆರಗು ಸರಿಪಡಿಸಿಕೊಂಡಳು.

“ಅವ್ಳಾ? ಅವ್ಳಿಗೇನ್ ಗೊತ್ತು ಸ್ವಾಮಿ! ಬಕೆಟ್ ಎತ್ತು ಅಂದ್ರೆ ಎತ್ತೋಳು, ಇಳ್ಸು ಅಂದ್ರೆ ಇಳ್ಸೋಳು. ಇಂಗೇ ಎಂಟು ವರ್ಸ ಕಳ್ದವ್ಳೆ.”

“ನಿಮ್ಮ ನರ್ಸರಿಯ ಪುದೀನಕ್ಕೆ ಬಹುಮಾನ ಬಂದಿದೆಯಲ್ಲ, ಅದನ್ನು ಬೆಳೆದವರು ಯಾರು?”

“ನಾನೇ ಸ್ವಾಮಿ. ಅದ್ಯಾವ್ದೂ ಅವ್ಳ ತಲೆಗೆ ಅತ್ತಾಕಿಲ್ಲ. ಕತ್ತೆಗೂ ಅವ್ಳಿಗೂ ಏನ್ ವ್ಯತ್ಯಾಸ? ಕತ್ತೆ ಮಾತಾಡಾಕಿಲ್ಲ, ಅಷ್ಟೇಯ.”

ನ್ಯಾಯಾಲಯದಲ್ಲಿ ಎಲ್ಲರೂ ನಕ್ಕರು. ನಮ್ಮ ವಕೀಲ ನನ್ನ ಕಡೆಗೆ ತಿರುಗಿ ಕಣ್ಣು ಮಿಟುಕಿಸಿದ. ಹೊರಗೆ ಬಂದ ಮೇಲೆ, “ಗೆದ್ವಿ ಸಾರ್. ಆಯಮ್ಮನಿಗೆ ಹಾರ ಹಾಕ್ಬೇಕು” ಎಂದ. ಅಮೀನಾ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನು ಹತ್ತಿರ ಹೋಗಿ, “ನಾಳೆ ನಿನ್ನನ್ನು ಕೇಳುತ್ತಾರಮ್ಮ. ಗೊತ್ತಿಲ್ಲ ಎಂದುಬಿಡು. ಮುಗಿದುಹೋಗುತ್ತದೆ” ಎಂದೆ.

ಆಕೆ ತಲೆಯೆತ್ತಿ ನೋಡಿದಳು. “ನೀವೂ ಹಾಗೇ ಅಂತೀರಾ ಸಾರ್?”

ಮರುದಿನ ನ್ಯಾಯಾಧೀಶರು ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳಿದರು. ಮೊದಲ ನಾಲ್ಕಕ್ಕೆ ಅಮೀನಾ ಸರಿಯಾಗಿ ‘ಗೊತ್ತಿಲ್ಲ ಸ್ವಾಮಿ’ ಎಂದಳು. ಐದನೆಯದು ಗೋಪಾಲಮ್ಮನ ಸಾಕ್ಷ್ಯದ ವಿಷಯ. ನೀನು ಹೇಳಿದ ಕೆಲಸವನ್ನಷ್ಟೇ ಮಾಡುವವಳು, ಗಿಡದ ವಿಷಯ ಏನೂ ತಿಳಿಯದವಳು ಎಂದು ಸಾಕ್ಷಿ ಹೇಳಿದ್ದಾರೆ, ಏನು ಹೇಳುತ್ತೀಯ?

ಅಮೀನಾ ಹಿಂದಿನ ದಿನ ಗೋಪಾಲಮ್ಮ ನಿಂತಿದ್ದ ಕಟಕಟೆಯ ಕಡೆಗೆ ನೋಡಿದಳು.

“ಅದು ಸುಳ್ಳು ಸ್ವಾಮಿ.”

ನಮ್ಮ ವಕೀಲ ಎದ್ದು ನಿಂತ. ನ್ಯಾಯಾಧೀಶರೂ ಕನಿಕರದಿಂದಲೇ, “ಯೋಚನೆ ಮಾಡಿ ಹೇಳಮ್ಮ. ಬೇಕಾದರೆ ನಿನ್ನ ವಕೀಲರನ್ನು ಕೇಳಿಕೋ” ಎಂದರು.

“ಅವ್ರಿಗೆ ಗಿಡದ ವಿಷಯ ಗೊತ್ತಿಲ್ಲ ಸ್ವಾಮಿ” ಎಂದಳು ಅಮೀನಾ. ಮತ್ತೆ ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. “ಆ ಪುದೀನ ನಾನು ಬೆಳೆದಿದ್ದು. ಈ ಗಿಡಾನೂ ನಾನೇ ಸರಿ ಮಾಡಿದ್ದು. ಈ ಹುಡುಗನ ಕೈಯಲ್ಲಿ ಅದು ಉಪ್ಪು ತಿಂದು ಸಾಯ್ತಿತ್ತು. ಗೊಬ್ಬರ ಹಾಕಿದ್ರೆ ರುಚಿ ಬರ್ತದೆ ಅನ್ಕೊಂಡಿದ್ದ. ರುಚಿ ಹಾಕಿದ್ರೆ ಬರಲ್ಲ ಸ್ವಾಮಿ, ತೆಗೆದ್ರೆ ಬರ್ತದೆ...”

ಹತ್ತು ನಿಮಿಷ ಮಾತನಾಡಿದಳು. ಎಲ್ಲಿ ತಪ್ಪಾಗಿತ್ತು, ತಾನು ಹೇಗೆ ಕಂಡುಹಿಡಿದಳು, ಯಾವ ಬೆಳೆಗೆ ವಾಸನೆ ತಿರುಗಿತು, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಮೂವತ್ನಾಲ್ಕು ವರ್ಷ ಪಾಠ ಹೇಳಿದವನು ನಾನು. ಒಂದು ವಿಷಯವನ್ನು ಅಷ್ಟು ತಿಳಿಯಾಗಿ ವಿವರಿಸಿದವರನ್ನು ಕಂಡ ಜ್ಞಾಪಕ ನನಗಿಲ್ಲ. ನ್ಯಾಯಾಲಯದ ಬೆರಳಚ್ಚುಗಾರ ಒಂದು ಮಾತನ್ನೂ ಬಿಡದೆ ಟೈಪ್ ಮಾಡಿಕೊಂಡ. ಸರಕಾರದ ವಕೀಲರು ಕೈಕಟ್ಟಿ ಕುಳಿತಿದ್ದರು. ಅವರು ಮಾಡಬೇಕಾದ ಕೆಲಸವೇನೂ ಉಳಿದಿರಲಿಲ್ಲ.

ಅಮೀನಾಳಿಗೆ ನಾಲ್ಕು ವರ್ಷದ ಶಿಕ್ಷೆಯಾಯಿತು. ಚನ್ನು ಬಳಸುವವನೇ ಹೊರತು ಪೊಲೀಸರಿಗೆ ಸಿಕ್ಕ ಬೆಳೆಯನ್ನು ಬೆಳೆಸಿದವನಲ್ಲವೆಂದು ಅವನ ವಕೀಲರು ವಾದಿಸಿದ್ದರು. ‘ನಾನೇ ಸರಿ ಮಾಡಿದ್ದು’ ಎಂಬ ಅಮೀನಾಳ ಹೇಳಿಕೆಯೇ ಅದಕ್ಕೆ ಆಧಾರವಾಯಿತು. ವಿಚಾರಣೆಯ ಕಾಲದಲ್ಲಿ ಒಳಗಿದ್ದ ಒಂಬತ್ತು ತಿಂಗಳನ್ನೇ ಅವನ ಶಿಕ್ಷೆಯೆಂದು ತಿಳಿದು, ಅಂದೇ ಬಿಟ್ಟುಬಿಟ್ಟರು. ಹೋಗುವಾಗ ಅಮೀನಾಳ ಎದುರಿಗೆ ಬಂದು ಕೈಮುಗಿಯಲು ನೋಡಿದ. “ಸರಿಯಾಗಿ ತೊಳಿಯೋ ಇನ್ಮೇಲಾದ್ರೂ” ಎಂದಳು ಆಕೆ. ಪೊಲೀಸಿನವಳು ಕೈಹಿಡಿದು ವ್ಯಾನಿನ ಕಡೆಗೆ ನಡೆಸಿದಳು.

ಗೇಟಿನ ಹೊರಗೆ ಅಕ್ಬರ್ ಪಾಷಾ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. “ಎರಡು ಮಾತು ಸಾರ್. ಎರಡೇ ಮಾತು. ಪ್ರೊಫೆಸರಂತೆ, ಥೂ!”

ಇದಾಗಿ ಎರಡು ವರ್ಷ ಕಳೆಯಿತು. ಚನ್ನು ಈಗ ನಮ್ಮ ಯಲಹಂಕದ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ ಮನೆ ಮಾಡಿಕೊಂಡು, ಕೋಕೋಪೀಟಿನಲ್ಲಿ ಸೊಪ್ಪು ಬೆಳೆದು ಅಪಾರ್ಟ್‌ಮೆಂಟುಗಳಿಗೆ ಕೊಡುತ್ತಾನೆ. ಭಾನುವಾರ ಆಸಕ್ತರಿಗೆ ಪಾಠ ಹೇಳುತ್ತಾನೆಂದೂ ಕೇಳಿದೆ. ಸೊಪ್ಪು ಬಹಳ ರುಚಿಯಂತೆ. ಅಕ್ಬರ್ ಪಾಷಾ ಹೆಂಡತಿಯನ್ನು ನೋಡಲು ಹೋಗುವುದನ್ನು ಕಳೆದ ರಂಜಾನಿನಿಂದ ನಿಲ್ಲಿಸಿದ್ದಾನೆ.

ಜೈಲಿನೊಳಗೆ ಕರೆದುಕೊಂಡ ದಿನ ಗುಮಾಸ್ತರು ಆಕೆಯ ಕಸುಬು ಕೇಳಿದರು. “ಗಿಡ ಬೆಳೆಸ್ತೀನಿ” ಎಂದಳು. ಅಪರಾಧ ಯಾವುದೆಂದು ಓದಿ ನೋಡಿ ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ. ಕಸುಬಿನ ಮುಂದೆ ‘ಕೂಲಿ’ ಎಂದು ಬರೆದರು. ಕೌಶಲದ ಮುಂದೆ ‘ಇಲ್ಲ’ ಎಂದು ಬರೆದರು. ಅಲ್ಲಿಯ ತೋಟದ ಹತ್ತಿರ ಸುಳಿಯಲು ಆಕೆಗೆ ಅಪ್ಪಣೆಯಿಲ್ಲ.

ಹೋದ ತಿಂಗಳು ನಾನು ನೋಡಲು ಹೋಗಿದ್ದೆ. ಹೊಲಿಗೆಯ ವಿಭಾಗದಲ್ಲಿ ಹಾಕಿದ್ದಾರೆ. ಯಂತ್ರ ಕೊಡುವುದು ಕೆಲಸ ಬಲ್ಲವರಿಗೆ ಮಾತ್ರ. ಆಕೆಯದು ಆಸ್ಪತ್ರೆಯ ಬೆಡ್‌ಶೀಟುಗಳ ಅಂಚು ಮಡಿಸಿ ಯಂತ್ರದವರ ಮುಂದೆ ಇಡುವ ಕೆಲಸ. ಬಟ್ಟೆ ಸುಕ್ಕಾಗದಂತೆ ಹೊಲಿಯಲು ಅಂಚನ್ನು ಬೇರೆ ರೀತಿಯಲ್ಲಿ ಮಡಿಸಬೇಕೆಂದು ಅಮೀನಾ ಕಂಡುಕೊಂಡಿದ್ದಾಳೆ. ಜಾಲರಿಯ ಆಚೆಯಿಂದ ತನ್ನ ಸೆರಗಿನ ತುದಿಯಲ್ಲೇ ನನಗೆ ಮಡಿಸಿ ತೋರಿಸಿದಳು.

“ಮೆಶಿನ್ನಿನವರಿಗೆ ಹೇಳಿದೆಯಾ?” ಎಂದೆ.

“ಹೇಳ್ದೆ ಸಾರ್. ‘ಇಡು, ಹೋಗು’ ಅಂದ್ರು.”

ಬೆಳಿಗ್ಗೆ ಎಂಟು ಗಂಟೆಯಿಂದ ಸಂಜೆಯವರೆಗೆ ಆಕೆ ಹಾಗೆಯೇ ಮಡಿಸಿ, ಇಟ್ಟು, ಹಿಂದಕ್ಕೆ ಹೋಗುತ್ತಾಳೆ.