ಹುಡುಗ ಏನ್ ಮಾಡ್ತಾನ?

“ಅಕ್ಕಾರ, ಒಟ್ಟು ಎಷ್ಟು ಮಂದಿ ಹುಡುಗರ ಸಂಬಂಧ ತಂದೀರಿ?”

ಕಳೆದ ಭಾನುವಾರ ಮಸರಕಲ್ಲಿನಲ್ಲಿ ಅಮರೇಶಪ್ಪ ಎಂಬವರು ನನಗೆ ಕೇಳಿದ ಪ್ರಶ್ನೆ ಇದು. ನಾವು ತಂದಿದ್ದು ಒಬ್ಬನೇ ಹುಡುಗನನ್ನು. ನನ್ನ ತಂಗಿಯ ಮಗ ಮಲ್ಲೇಶ. ಅವನು ನನ್ನ ಪಕ್ಕದಲ್ಲೇ ಕೂತು ಮಂಡಾಳ (ಅದೇ, ಮಂಡಕ್ಕಿ) ಒಗ್ಗರಣಿಯಲ್ಲಿದ್ದ ಹಸಿಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದ. ಪ್ರಶ್ನೆ ಕೇಳಿದ ಮೇಲೆ ಅದನ್ನೂ ನಿಲ್ಲಿಸಿದ.

ಆಗಿದ್ದಿಷ್ಟು. ಹೆಣ್ಣು ನೋಡಲು ಬಾಗಲವಾಡದಿಂದ ತಂಗಿ ಶಿವಮ್ಮ, ಅವಳ ಗಂಡ ಹನುಮಂತಪ್ಪ ಬಂದಿದ್ದರು. ರಾಯಚೂರಿನಿಂದ ನಾನು ಮತ್ತು ಮಲ್ಲೇಶ (ಅವನಿರುವುದು ನನ್ನ ಮನೆಯಲ್ಲೇ). ಹುಡುಗಿಯ ಹೆಸರು ಲಕ್ಷ್ಮಿ, ದೇವದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಅಪ್ಪ ಈ ಅಮರೇಶಪ್ಪ, ಊರಿಗೆ ನಲ್ಲಿ ನೀರು ಬಿಡುವ ವಾಟರ್‌ಮನ್. ನೀರು ಕೊಟ್ಟರು, ಮಂಡಾಳ-ಮಿರ್ಚಿ ಕೊಟ್ಟರು, ಮಳೆ ಬೆಳೆ ವಿಚಾರಿಸಿದರು. ಆಮೇಲೆ ಹೆಣ್ಣಿನ ಅಪ್ಪಂದಿರೆಲ್ಲ ಕೇಳುವುದನ್ನೇ ಕೇಳಿದರು.

“ಹುಡುಗ ಏನ್ ಮಾಡ್ತಾನ್ರೀ?”

“ಕಾಲೇಜಿನಾಗ ಸರ್ ಅದಾನ್ರಿ, ಮಾನ್ವಿಯೊಳಗ” ಅಂದಳು ಶಿವಮ್ಮ.

“ಹತ್ತಿ ಮಿಲ್ಲಿನಾಗ ಲೆಕ್ಕ ನೋಡ್ತಾನ್ರಿ. ಫ್ಯಾನಿನ ಬುಡಕ ಕುರ್ಚಿ ಕೊಟ್ಟಾರ” ಅಂದ ಹನುಮಂತಪ್ಪ.

“ರಾಯಚೂರಾಗ ಕೋಚಿಂಗ್ ಸೆಂಟರಿನಾಗ ಪಾಠ ಹೇಳ್ತಾನ್ರಿ” ಅಂದೆ ನಾನು.

ಮೂವರೂ ಒಂದೇ ಉಸಿರಿಗೆ! (ದಾರಿಯಲ್ಲಿ ಕೂಡಿಕೊಂಡು ಒಂದೇ ಗಾಡಿಯಲ್ಲಿ ಬರುವಾಗ ಸೀರೆ, ಸಿಹಿ, ಹೂವು ಎಲ್ಲ ಮಾತಾಡಿಕೊಂಡಿದ್ದೆವು. ಇದೊಂದನ್ನು ಬಿಟ್ಟು.)

ಸುಳ್ಳು ಯಾರೂ ಹೇಳಿರಲಿಲ್ಲ ಸ್ವಾಮಿ. ಹೆತ್ತವ್ವನಿಗೆ ಮಗನನ್ನು ಜನ ‘ಸರ್’ ಅನ್ನುವುದೇ ದೊಡ್ಡದು. ಹನುಮಂತಪ್ಪ ಹರೆಯವಿಡೀ ಮಿಲ್ಲಿನಲ್ಲಿ ಹತ್ತಿಯ ಮೂಟೆ ಹೊತ್ತವನು. ತಾನು ಬೆವರು ಸುರಿಸಿದ ಕಡೆ ಮಗ ಕುರ್ಚಿ ಹಾಕಿಕೊಂಡು ಕೂತಿರುವುದು ಅವನಿಗೆ ಸಣ್ಣ ಮಾತಲ್ಲ. ಇನ್ನು ನಾನು? ದಿನಾ ಬೆಳಗ್ಗೆ ಅವನು ಕೋಚಿಂಗ್‌ಗೆ ಓಡುವುದನ್ನು ನೋಡುವವಳು. ನೋಡಿದ್ದು ಹೇಳಿದೆ.

ಮಲ್ಲೇಶ ತಟ್ಟೆ ಕೆಳಗಿಟ್ಟು ತಾನೇ ಬಾಯಿಬಿಟ್ಟ. “ಮೂರೂ ನಾನ ಮಾಡ್ತೀನ್ರಿ. ಕಾಲೇಜು ಇದ್ದಾಗ ಅತಿಥಿ ಉಪನ್ಯಾಸಕ. ಹತ್ತಿ ಸೀಸನ್‌ದಾಗ ಸಂಜಿ ಮುಂದ ಮಿಲ್ಲು. ಕಾಲೇಜು ರಜಾ ಬಿಟ್ಟಾಗ ಕೋಚಿಂಗ್. ಈಗ ಅದನ್ನ ಮಾಡಾಕತ್ತೀನ್ರಿ.”

ಮೂಲೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಹುಡುಗಿಯ ಅಜ್ಜಿ ತಲೆ ಎತ್ತಿದಳು. “ಅತಿಥಿ ಅಂದ್ರ ಏನು ತಮ್ಮಾ?”

“ಗೆಸ್ಟ್ ಬೇ ಯವ್ವಾ... ಬೀಗರು ಇದ್ದಂಗ.”

(ನಮ್ಮ ಕಡೆ ಮನೆಗೆ ಬಂದ ನೆಂಟರೆಲ್ಲ ಬೀಗರೇ. ನಾವು ಅವತ್ತು ಹೋಗಿದ್ದೂ ಬೀಗರಾಗಿ, ಆಗಬೇಕಿದ್ದುದೂ ಬೀಗರೇ.)

“ಬೀಗರಾಗಿ ಹೋಗಿ ಪಾಠ ಹೇಳಿ ಬರ್ತೀ? ಬೀಗರು ಒಂದು ಮನ್ಯಾಗ ಎಷ್ಟು ದಿನ ಇರ್ತಾರ ಯಪ್ಪಾ?”

ಏನು ಹೇಳುತ್ತೀರಿ ಇದಕ್ಕೆ? ಎಂ.ಎ. ಮಾಡಿದವನು ತಟ್ಟೆ ಎತ್ತಿಕೊಂಡು ಮತ್ತೆ ಮೆಣಸಿನಕಾಯಿ ಆರಿಸತೊಡಗಿದ. ಶಿವಮ್ಮನ ಮುಖ ನೋಡಲಾಗಲಿಲ್ಲ. ಇದಕ್ಕೂ ಮೊದಲು ನೋಡಿದ ಸಂಬಂಧಗಳೆಲ್ಲ ಇದೇ ಜಾಗಕ್ಕೆ ಬಂದು ಮುರಿದು ಬಿದ್ದಿದ್ದವು.

ಅಮರೇಶಪ್ಪ ಒರಟು ಮನುಷ್ಯನಲ್ಲ. ಮೆತ್ತಗೇ ಹೇಳಿದರು. “ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ನಾನೂ ತಲಿ ಬೆಳ್ಳಗಾಗೋತನಕ ಟೆಂಪರರಿ ಇದ್ದಾವ. ಯಾವಾಗ ತಗೀತಾರೋ ಅಂತ ಹೆದರ್ಕೋತ ಸಂಸಾರ ಮಾಡೀನಿ. ಮಗಳಿಗೂ ಅದ ಬ್ಯಾಡ ಅಂತ.”

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ.

ಅಷ್ಟರಲ್ಲಿ ಚಹಾ ತಂದ ಲಕ್ಷ್ಮಿ ಅಜ್ಜಿಯ ಪಕ್ಕ ಕೂತಳು. ಮಲ್ಲೇಶ ಅವಳನ್ನು ಸಹಜವಾಗಿ ಕೇಳಿದ. “ನಿಮ್ಮದು ಪರ್ಮನೆಂಟ್ ಏನ್ರಿ?”

“ಇಲ್ರಿ. ಕಾಂಟ್ರ್ಯಾಕ್ಟ್. ವರ್ಷಾ ವರ್ಷಾ ಹೊಸಾ ಆರ್ಡರ್ ಬರಬೇಕು” ಅಂದಳು ಅವಳೂ ಅಷ್ಟೇ ಸಹಜವಾಗಿ.

ಅಮರೇಶಪ್ಪ ಚಹಾದ ಕಪ್ಪುಗಳನ್ನು ನೋಡುತ್ತ, “ಹೆಣ್ಮಕ್ಕಳದ್ದು ಬ್ಯಾರೆ ಅಲ್ರೀ” ಅಂದರು.

“ಹೆಂಗ ಬ್ಯಾರೆ ಯಪ್ಪಾ?” ಅಂದಳು ಮಗಳು.

ಅಮರೇಶಪ್ಪ ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. “ತಿಳಸ್ತೀವ್ರಿ” ಅಂದರು. ‘ತಿಳಸ್ತೀವಿ’ ಅಂದರೆ ಏನೆಂದು ಹುಡುಗನ ಕಡೆಯವರಿಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ.

ಗಾಡಿಯಲ್ಲಿ ವಾಪಸ್ ಬರುತ್ತಿದ್ದೆವು. ನಾವು ಎಡವಿದ್ದೆಲ್ಲಿ ಅಂತ ನನಗೆ ಆಗ ಹೊಳೆಯಿತು. ನಮ್ಮ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ‘ಏನ್ ಮಾಡ್ತಾನ’ ಅಂದರೆ ಬದುಕಿಗೆ ಏನು ಆಧಾರ ಅಂತ. ‘ಏನ್ ಮಾಡಾಕತ್ತಾನ’ ಅಂದರೆ ಸದ್ಯ, ಈ ಹೊತ್ತು ಏನು ನಡೆದಿದೆ ಅಂತ. ಅವರು ಕೇಳಿದ್ದು ಮೊದಲನೆಯದು. ನಾವು ಮೂವರೂ ಉತ್ತರ ಕೊಟ್ಟಿದ್ದು ಎರಡನೆಯದಕ್ಕೆ, ಅದೂ ಒಬ್ಬೊಬ್ಬರು ಒಂದೊಂದು ಹೊತ್ತಿನದು! ಈಗಿನ ಹುಡುಗರ ವಿಷಯದಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರವಾದರೂ ಎಲ್ಲಿದೆ ಹೇಳಿ?

ಈ ಅಂಕಣ ಓದುವ ನಿಮಗೆ ನನ್ನ ಕಥೆ ಗೊತ್ತೇ ಇದೆ. ಓದು ಮುಗಿದದ್ದೇ ಟೈಪಿಸ್ಟ್ ಅಂತ ಸರ್ಕಾರಿ ಆಫೀಸು ಸೇರಿದೆ. ಆಮೇಲೆ ಗುಮಾಸ್ತೆ, ಆಮೇಲೆ ಸೂಪರಿಂಟೆಂಡೆಂಟ್. ನಾನು ಬುದ್ಧಿವಂತೆ ಆದೆನೋ ಇಲ್ಲವೋ, ಇಂಕ್ರಿಮೆಂಟ್ ಮಾತ್ರ ತಪ್ಪದೆ ಬಂತು. ಕೂದಲು ಹಣ್ಣಾದಂತೆ ಪಗಾರ ಏರಿತು. ಹರೆಯದಲ್ಲಿ ಕೈ ಬಿಗಿ, ವಯಸ್ಸಾದ ಮೇಲೆ ಮನೆಗೆ ಸ್ಲ್ಯಾಬು. ದುಡಿಮೆ ಅಂದರೆ ಹಾಗೇ ಅಂದುಕೊಂಡಿದ್ದೆ.

ಮಲ್ಲೇಶನದು? ಪಿಯುಸಿ ಆದ ಹೊಸತರಲ್ಲಿ ಮೊಬೈಲ್ ಅಂಗಡಿಯಲ್ಲಿದ್ದ. ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು, ಅವ್ವನಿಗೆ ಮಿಕ್ಸರ್ ಕೊಡಿಸಿದ. ಡಿಗ್ರಿ ಮಾಡಿಕೊಂಡು ಫೈನಾನ್ಸ್ ಕಂಪನಿ ಸೇರಿದ, ಗಳಿಕೆ ಸ್ವಲ್ಪ ಇಳಿಯಿತು. ಎಂ.ಎ. ಮಾಡಿದ, ಉಪನ್ಯಾಸಕನಾದ, ಇನ್ನೂ ಇಳಿಯಿತು. ಪಗಾರ ಅನ್ನುವುದು ಹೋಗಿ ‘ಗೌರವಧನ’ ಬಂತು. (ಗೌರವ ಇದ್ದಲ್ಲಿ ಧನ ಕಡಿಮೆ ಇರಬೇಕು ಅಂತ ಯಾರು ಮಾಡಿದರೋ!) ಓದು ಏರುತ್ತಿದೆ, ಗಳಿಕೆ ಇಳಿಯುತ್ತಿದೆ, ಕೆಲಸಗಳ ಸಂಖ್ಯೆ ಹೆಚ್ಚುತ್ತಿದೆ. ಇದಕ್ಕೆ ಬೆಳವಣಿಗೆ ಅನ್ನಬೇಕೋ ಹಿಂಜರಿತ ಅನ್ನಬೇಕೋ ನನಗಂತೂ ತಿಳಿಯುತ್ತಿಲ್ಲ.

ತಡೆಯಲಾರದೆ ಕೇಳಿಯೇಬಿಟ್ಟೆ. “ಮಲ್ಲೇಶಾ, ಮುಂದ ಏನ್ ಆಗ್ತೀಯೋ?”

ಅವನು ಕಿಟಕಿಯಿಂದ ಮುಖ ತಿರುಗಿಸಿದ. “ಮುಂದ ಅಂದ್ರ ಯಾವ ತಿಂಗಳು, ದೊಡ್ಡವ್ವಾ?”

ತಮಾಷೆ ಮಾಡಿದನೋ ಅಂತ ನೋಡಿದೆ. ಇಲ್ಲ, ನಿಜವಾಗಿಯೇ ಕೇಳಿದ್ದ. ಸಿಟ್ಟು ಬಂತು. ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

ಬುಧವಾರ ಅಮರೇಶಪ್ಪನವರ ಫೋನ್. ನಾನು ‘ಇರಲಿ ಬಿಡ್ರಿ’ ಅನ್ನಲು ಸಿದ್ಧಳಾಗಿಯೇ ಎತ್ತಿದೆ.

“ಅಕ್ಕಾರ, ಇಕಿ ಹಟಕ್ಕ ಬಿದ್ದಾಳ. ‘ಅವರದು ಕಚ್ಚಾ ಕೆಲಸ ಅಂದ್ರ ನಂದೂ ಕಚ್ಚಾನ ಅದ, ಹಂಗಾದ್ರ ನನ್ನನ್ನೂ ಯಾರಿಗೂ ಕೊಡಬ್ಯಾಡ’ ಅಂತಾಳ. ನಾ ಏನ್ ಮಾಡ್ಲಿ? ಮಾಡೋಣು ಬಿಡ್ರಿ ಲಗ್ನ.”

ಸುದ್ದಿ ಮುಟ್ಟಿಸಿದಾಗ ಶಿವಮ್ಮ ಫೋನಿನಲ್ಲೇ ಅತ್ತಳು. ನಾನೂ ಸ್ವಲ್ಪ ಅತ್ತೆ, ಯಾಕೆ ಸುಳ್ಳು ಹೇಳಲಿ?

ಈಗ ಹೊಸ ಪೇಚು ಶುರುವಾಗಿದೆ. ಲಗ್ನಪತ್ರಿಕೆ! ನಮ್ಮಲ್ಲಿ ಹುಡುಗ ಹುಡುಗಿಯ ಹೆಸರಿನ ಕೆಳಗೆ ಬ್ರಾಕೆಟ್ಟಿನಲ್ಲಿ ಉದ್ಯೋಗ ಹಾಕಿಸದಿದ್ದರೆ ಕಾರ್ಡು ಕಾರ್ಡೇ ಅಲ್ಲ. ಮಂದಿ ಮುಹೂರ್ತ ಆಮೇಲೆ ನೋಡುತ್ತಾರೆ, ಬ್ರಾಕೆಟ್ಟು ಮೊದಲು. ಮಲ್ಲೇಶ, “ನಂದೇನೂ ಹಾಕ್ಸಬ್ಯಾಡ್ರಿ, ಲಗ್ನದ ಹೊತ್ತಿಗೆ ಯಾವ ಕೆಲಸ ಇರ್ತದೋ ಏನೋ” ಅಂದ. ಲಕ್ಷ್ಮಿ, “ಹಂಗಾದ್ರ ನಂದೂ ಬ್ಯಾಡ, ಆರ್ಡರ್ ಇನ್ನಾ ಬಂದಿಲ್ಲ” ಅಂದಳು.

ಅಮರೇಶಪ್ಪ ಮತ್ತೆ ನನಗೇ ಫೋನ್ ಮಾಡಿದರು. “ಅಕ್ಕಾರ, ನೀವು ಪೇಪರಿನಾಗ ಬರಿಯವರು, ನೀವ ಹೇಳ್ರಿ. ಕಾರ್ಡ್ ನೋಡಿದ ಮಂದಿ ಇಬ್ಬರೂ ಖಾಲಿ ಕುಂತಾರ ಅನ್ನಂಗಿಲ್ಲೇನು?”

ಅನ್ನುತ್ತಾರೆ. ಅದಕ್ಕೇ ನನ್ನ ತಲೆ ಕೆಟ್ಟಿರುವುದು: ಇಬ್ಬರಿಗೂ ಉಸಿರು ಬಿಡಲು ಪುರುಸೊತ್ತಿಲ್ಲದಷ್ಟು ಕೆಲಸ ಇದೆ, ಕಾರ್ಡಿನಲ್ಲಿ ಹಾಕಿಸಲು ಮಾತ್ರ ಒಂದೂ ಇಲ್ಲ.